ಸಕ್ಕರೆ ನವಿಲಿನ ಅಚ್ಚು

ಯಾಕೂಬಸಾಬರಿಗೆ ಆ ಮಷೀನಿನ ಬಗ್ಗೆ ಎಳ್ಳಷ್ಟೂ ಕುತೂಹಲವಿರಲಿಲ್ಲ. ಈ ಮಾತನ್ನು ಅವರೇ ಅರ್ಧ ಬೈಲಹೊಂಗಲಕ್ಕೆ ಹೇಳಿಕೊಂಡು ತಿರುಗಿದ್ದರು, ಹಾಗಾಗಿ ನಾವೂ ನಂಬಿದಂತೆ ಮಾಡೋಣ. ಮಗ ಅಯಾಜನ ವೆಲ್ಡಿಂಗ್ ಅಂಗಡಿ ಇದ್ದದ್ದು ಸವದತ್ತಿ ರಸ್ತೆಯಲ್ಲಿ. ಒಂದು ದಿನ ಕೊಡೆ ಮರೆತು ಬಂದಿದ್ದೇನೆ ಎಂದು ಅಲ್ಲಿಗೆ ಹೋದರು. ಕೊಡೆ ಮನೆಯ ಗೂಟಕ್ಕೇ ನೇತಾಡುತ್ತಿತ್ತು. ಇನ್ನೊಂದು ದಿನ ಅಂಗಡಿಯ ಗಡಿಯಾರ ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಹೋದರು. ಹೋದವರು ಗಡಿಯಾರದ ಕಡೆ ಕತ್ತು ಎತ್ತಲಿಲ್ಲ, ನೆಟ್ಟಗೆ ಹಿಂದಿನ ಶೆಡ್ಡಿಗೆ ನಡೆದರು.

ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಸಿಎನ್‌ಸಿ ರೂಟರ್. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ತಾನೇ ಓಡಾಡಿ ಕಟ್ಟಿಗೆಯಲ್ಲಿ ಕೆತ್ತುತ್ತದಂತೆ. ಪೇಟೆಯಿಂದ ಕೊಂಡು ತಂದದ್ದಲ್ಲ, ಮನೆಯವರೇ ಕೈಯಾರೆ ಕಟ್ಟುತ್ತಿದ್ದದ್ದು. ಅದರ ಯೋಚನೆಯೆಲ್ಲ ಸೊಸೆ ಫಿರದೋಸ್‌ಳದು. ಆಕೆ ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ವೆಲ್ಡಿಂಗ್ ಅಯಾಜನದು. ಚೌಕ ಪೈಪಿನಿಂದ ಮಂಚದಂಥದೊಂದು ಚೌಕಟ್ಟು ಮಾಡಿ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಕಬ್ಬಿಣದ ಕಮಾನು ಕೂಡಿಸಿದ್ದರು. ಕಮಾನಿನ ನಡುವೆ ಕಟ್ಟಿಗೆ ಕೊರೆಯುವ ಮೋಟರು, ಅದರ ತುದಿಗೆ ಗರಗರ ತಿರುಗುವ ಸಣ್ಣ ಅಲಗು. ಪಕ್ಕದ ಸ್ಟೂಲಿನ ಮೇಲೆ ಹಳೆಯ ಲ್ಯಾಪ್‌ಟಾಪ್, ಅದರಿಂದ ಹೊರಟ ವೈರುಗಳ ಸಂತೆ.

"ಕಟಗಿ ಎಲ್ಲಿ ಮುಗೀತೈತಿ ಅಂತ ಇದಕ್ಕ ಹ್ಯಾಂಗ ಗೊತ್ತಾಕ್ಕೈತಿ?" ಎಂದು ಕೇಳಿದರು, ಕುತೂಹಲವಿಲ್ಲದ ಯಾಕೂಬಸಾಬರು.

"ಅದಕ್ಕ ಏನೂ ಗೊತ್ತಾಗೂದಿಲ್ಲ, ಅಬ್ಬಾ," ಎಂದಳು ಫಿರದೋಸ್. "ಶುರು ಮಾಡೂ ಜಾಗಾ ನಾವು ತೋರಸಬೇಕು. ಅಲ್ಲಿಂದ ಎಣಿಸ್ಕೋತ ಹೋಗತೈತಿ."

"ಅಂದ್ರ ಕಣ್ಣಿಲ್ಲದಾವಂಗ ಗ್ವಾಡಿ ಮುಟ್ಟಿಸಿ ಬಿಟ್ಟಂಗ."

"ಹೂಂ, ಹಂಗ. ಗ್ವಾಡಿ ತಪ್ಪಿ ಮುಟ್ಟಿಸಿದ್ರ ಸೀದಾ ಬಾವಿಗೆ ಹೋಗತೈತಿ."

ಯಾಕೂಬಸಾಬರು ನಕ್ಕರು. ನಗುವಾಗಲೂ ಬಲಗೈಯನ್ನು ಅಂಗಿಯ ಕಿಸೆಯಿಂದ ಹೊರಗೆ ತೆಗೆಯಲಿಲ್ಲ.

ಆ ಕೈಯ ಮಾತು ಹೇಳಬೇಕು. ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಗೆ ಈ ಕಡೆ ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಸಕ್ಕರೆ ಆರತಿ ಬೇಕೇ ಬೇಕು. ಆನೆ, ಕುದುರೆ, ನವಿಲು, ತುಳಸಿಕಟ್ಟೆ ಎಲ್ಲವೂ ಸಕ್ಕರೆಯವೇ. ತಟ್ಟೆಯಲ್ಲಿ ಜೋಡಿಸಿ ಗೌರಿಗೆ ಬೆಳಗುವುದು, ಆಮೇಲೆ ಆನೆಯ ಸೊಂಡಿಲು ನನಗೆ ತನಗೆ ಎಂದು ಜಗಳಾಡಿ ತಿನ್ನುವುದು. ಅವುಗಳನ್ನು ಹೊಯ್ಯಲು ಸಾಗವಾನಿ ಕಟ್ಟಿಗೆಯ ಅಚ್ಚು ಬೇಕು. ಒಂದೊಂದು ಅಚ್ಚಿಗೂ ಎರಡು ಹೋಳು. ನೀರಿನಲ್ಲಿ ನೆನೆಸಿ, ಎರಡನ್ನೂ ಮುಖಕ್ಕೆ ಮುಖ ಕೂಡಿಸಿ ಬಿಗಿದು, ಒಳಗೆ ಬಿಸಿ ಪಾಕ ಹೊಯ್ಯುತ್ತಾರೆ. ಸುತ್ತಲಿನ ಊರುಗಳಿಗೆಲ್ಲ ಇಂಥ ಅಚ್ಚು ಕೆತ್ತಿ ಕೊಡುತ್ತಿದ್ದವರು ಯಾಕೂಬಸಾಬರು. ಅವರ ಅಚ್ಚಿನಿಂದ ಎದ್ದ ನವಿಲಿನ ಗರಿ ಎಣಿಸಬಹುದು ಎಂದು ಜನ ಹೇಳುತ್ತಿದ್ದರು. ಆ ಮಾತು ಕೇಳುವುದೆಂದರೆ ಅವರಿಗೆ ಭಾರೀ ಖುಷಿ, ಅದನ್ನೇನೂ ಮುಚ್ಚಿಡುತ್ತಿರಲಿಲ್ಲ.

ಮುಚ್ಚಿಟ್ಟದ್ದು ಬೇರೆ. ಒಂದು ವರ್ಷದಿಂದ ಬಲಗೈ ನಡುಗುತ್ತಿತ್ತು. ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿದರೆ ನಡುಕ ನಿಲ್ಲುತ್ತದೆ ಎಂದು ಅವರೇ ಕಂಡುಕೊಂಡಿದ್ದರು. ಹಾಗೆ ಹಿಡಿದು ಊಟ ಮಾಡಬಹುದು, ಅಂಗಿಯ ಗುಂಡಿ ಹಾಕಬಹುದು. ಆದರೆ ಗರಿ ಕೆತ್ತಲು ಆಗುವುದಿಲ್ಲ, ಗರಿಗೆ ತೋಳು ಬಿಡಿಯಾಗಿ ಓಡಬೇಕು. ಚಹಾದ ಕಪ್ಪೂ ಸ್ವಲ್ಪ ಕಷ್ಟವೇ. ಪುಣ್ಯಕ್ಕೆ ಹೆಂಡತಿ ಮಕ್ತುಮಬಿ ಇತ್ತೀಚೆಗೆ ಜಿಪುಣಿಯಾಗಿದ್ದಳು, ಅರ್ಧ ಕಪ್ಪಿಗಿಂತ ಹೆಚ್ಚು ಹಾಕುತ್ತಿರಲಿಲ್ಲ. "ಹಾಲ ಬಂಗಾರ ಆಗೈತೇನ?" ಎಂದು ಗೊಣಗುತ್ತಿದ್ದರು, ಒಳಗೊಳಗೇ ಆರಾಮವಾಗಿ ಕುಡಿಯುತ್ತಿದ್ದರು.

ಇಷ್ಟಿದ್ದೂ ಶ್ರಾವಣದಲ್ಲಿ ಪದ್ಮವ್ವ ಬಂದು, "ಸಾಬರ, ನನ್ನ ನವಿಲಿನ ಅಚ್ಚು ಸೀಳೇತ್ರಿ, ಹುಣ್ಣಿವಿಗೆ ಹೊಸಾದು ಬೇಕು" ಎಂದಾಗ ಹೂಂ ಎಂದುಬಿಟ್ಟರು. ಪದ್ಮವ್ವ ಪೇಟೆಯಲ್ಲಿ ಸಕ್ಕರೆ ಗೊಂಬೆ ಹೊಯ್ಯುವಾಕೆ. ಸಂಪಗಾಂವ, ದೇಗಾಂವದ ಮಂದಿಯೂ ಆಕೆಯಲ್ಲಿಗೇ ಬರುತ್ತಾರೆ, ಬಂದವರು ಮೊದಲು ಕೇಳುವುದು ನವಿಲನ್ನೇ. ಇಲ್ಲ, ಕೈ ನಡುಗುತ್ತದೆ ಎನ್ನಲು ಯಾಕೂಬಸಾಬರಿಗೆ ಬಾಯಿ ಬರಲಿಲ್ಲ. ಒಮ್ಮೆ ಹಾಗೆಂದರೆ ಆಯಿತು, ನಾಳೆಯಿಂದ ಉಳಿ ಹಿಡಿಯಬೇಡಿ ಎನ್ನುತ್ತಾರೆ, ಕೂತಿರಿ ಎನ್ನುತ್ತಾರೆ. ಕೂತು ಮಾಡುವುದೇನು?

ಮಂಚದ ಕೆಳಗಿನ ಗೋಣಿಚೀಲದಲ್ಲಿ ಕೆಟ್ಟ ನವಿಲುಗಳು ಸೇರುತ್ತಾ ಹೋದವು. ಪದ್ಮವ್ವ ಕೇಳಿದಾಗಲೆಲ್ಲ ಒಂದೇ ಉತ್ತರ: "ಆದಂಗ ಆತು ತಂಗಿ, ಗರಿ ಅಷ್ಟ ಉಳದಾವು."

ದಸರೆ ಮುಗಿದ ಮೇಲೆ ಯಾಕೂಬಸಾಬರು ಒಂದು ಉಪಾಯ ಹೂಡಿದರು. ಪದ್ಮವ್ವ ಬಿಟ್ಟುಹೋಗಿದ್ದ ಸೀಳಿದ ಅಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋಗಿ ಸೊಸೆಯ ಮುಂದಿಟ್ಟರು.

"ಮಷೀನ ಪರೀಕ್ಷಾ ಮಾಡೂದಿದ್ರ ಇದನ್ನ ಕೆತ್ತಿ ನೋಡ್ರಿ. ನನಗೇನ ಬೇಕಾಗಿಲ್ಲ. ನಿಮಗ ಬೇಕಿದ್ರ ಅಂತ ತಂದೆ."

ಫಿರದೋಸ್‌ಳ ಮುಖ ಅರಳಿತು. ಹೋಳುಗಳನ್ನು ಎಲ್ಲ ಕಡೆಯಿಂದ ಫೋಟೋ ಹೊಡೆದು, ಆಳ ಅಳೆದು, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಗರಿ ಬರೆಯತೊಡಗಿದಳು. ಮಾವ ಪಕ್ಕದಲ್ಲಿ ಕೂತು ನೋಡಿದರು. ತಮ್ಮ ನವಿಲು ಗಾಜಿನೊಳಗೆ ಗಿರ್ರನೆ ತಿರುಗುವುದು, ಬೇಕಾದಾಗ ಕೊಕ್ಕಿನ ಒಳಗೇ ಹೊಕ್ಕು ನೋಡಬಹುದಾದದ್ದು, ಒಂದು ಹೋಳು ಬರೆದು ಮುಗಿಸಿದರೆ ಇನ್ನೊಂದು ಕನ್ನಡಿಯೊಳಗಿನ ರೂಪದಂತೆ ತಾನಾಗೇ ಮೂಡುವುದು! ತಾವು ಬದುಕಿನುದ್ದಕ್ಕೂ ಎರಡೆರಡು ಸಲ ಕೆತ್ತಿದ್ದನ್ನು ನೆನೆದು ಅವರಿಗೆ ಹೊಟ್ಟೆಕಿಚ್ಚೂ ಆಯಿತು, ಅಕ್ಕರೆಯೂ ಉಕ್ಕಿತು. ಕೊಡೆ, ಗಡಿಯಾರದ ನೆಪ ಬಿಟ್ಟು ದಿನಾ ಹೋಗತೊಡಗಿದರು.

ದೀಪಾವಳಿ ಕಳೆಯಿತು. ಹುಣ್ಣಿಮೆ ಹತ್ತಿರ ಬಂದಾಗ ಮೊದಲ ಕೆತ್ತನೆಗೆ ಮುಹೂರ್ತ ಬಂತು. ಕಿತ್ತೂರಿನ ಕಡೆಯ ಹಳೆಯ ಬಾಗಿಲಿನಿಂದ ತೆಗೆದ ಸಾಗವಾನಿ ತುಂಡನ್ನು ಬಿಗಿದರು, ಶುರುವಿನ ಜಾಗ ತೋರಿಸಿದರು, ಫಿರದೋಸ್ ಬಟನ್ ಒತ್ತಿದಳು. ಕಮಾನು ಸರಿಯಿತು, ಅಲಗು ಇಳಿಯಿತು, ಕಟ್ಟಿಗೆಯ ಪುಡಿ ಹಾರಿತು. ಯಾರೂ ಮುಟ್ಟದೆ ಕೊಕ್ಕು ಮೂಡಿತು, ಕೊರಳು ಇಳಿಯಿತು. ಯಾಕೂಬಸಾಬರು ಉಸಿರು ಬಿಗಿಹಿಡಿದು ನಿಂತಿದ್ದರು.

ಮಷೀನು ನಿಂತ ಮೇಲೆ ಅಯಾಜ ಪುಡಿ ಊದಿ, ಹೆಬ್ಬೆರಳು ಸವರಿದ. ಅವನ ಹುಬ್ಬು ಗಂಟಿಕ್ಕಿತು. ಗರಿಯ ಮೇಲೆಲ್ಲ ಸಣ್ಣ ಸಣ್ಣ ಅಲೆಗಳು. ಇಂಥ ಅಚ್ಚಿಗೆ ಪಾಕ ಹೊಯ್ದರೆ ಸಕ್ಕರೆ ಆ ಅಲೆಗಳಲ್ಲಿ ಕಚ್ಚಿಕೊಳ್ಳುತ್ತದೆ, ಬಿಚ್ಚುವಾಗ ನವಿಲು ಚೂರುಚೂರಾಗುತ್ತದೆ.

ನಟ್ಟು ಬೋಲ್ಟು ಬಿಗಿದರು. ವೇಗ ತಗ್ಗಿಸಿದರು. ಹೊಸ ಅಲಗು ಹಾಕಿದರು. ಪ್ರತಿ ಸಲವೂ ಅವೇ ಅಲೆಗಳು.

"ಮೋಟರಾ ಖರಾಬ ಐತಿ," ಎಂದು ಅಯಾಜ ನಟ್ಟು ಬಿಗಿಯುವ ಪಾನಾ ಬಿಸಾಕಿದ. "ಎಲ್ಲಾ ಬಿಚ್ಚಿ ಹೊಸಾ ಮೋಟರಾ ತರಸಬೇಕು. ಇನ್ನ ಹುಣ್ಣಿವಿ ಆದ ಮ್ಯಾಲನ."

ಫಿರದೋಸ್ ಗೋಡೆಗೆ ಒರಗಿ ಕೂತಳು. ಕಣ್ಣಲ್ಲಿ ನೀರು ಬಂದಿತ್ತು. ಹುಣ್ಣಿಮೆ ಆದ ಮೇಲೆ ಎಂದರೆ ಪದ್ಮವ್ವನ ತಟ್ಟೆಯಲ್ಲಿ ನವಿಲಿಲ್ಲ ಎಂದೇ ಅರ್ಥ. ಅದು ಯಾರ ಸುಳ್ಳಿನಿಂದ ಎಂದು ಯಾಕೂಬಸಾಬರಿಗೆ ಮಾತ್ರ ಗೊತ್ತಿತ್ತು.

"ಇನ್ನೊಮ್ಮೆ ಚಾಲೂ ಮಾಡ," ಎಂದರು.

ಅಲಗು ಕಟ್ಟಿಗೆಯೊಳಗೆ ಇಳಿದಾಗ ಅವರು ಎಡ ಅಂಗೈಯನ್ನು ಕಬ್ಬಿಣದ ಕಮಾನಿನ ಕಾಲಿನ ಮೇಲಿಟ್ಟರು. ಮೈ ಜುಮ್ಮೆಂದಿತು. ಈ ನಡುಕ ಅವರಿಗೆ ಚೆನ್ನಾಗಿ ಪರಿಚಯದ್ದು. ತುದಿಯಲ್ಲಿ ಹುಟ್ಟಿದ್ದಲ್ಲ, ಮೇಲಿನಿಂದ ಇಳಿದು ಬರುತ್ತಿತ್ತು.

"ಮೋಟರಾ ಛಲೋ ಐತಿ. ಇದರ ಮೊಣಕೈ ಗಾಳ್ಯಾಗ ಐತಿ. ಅದಕ್ಕ ಎಲ್ಲೆರ ಆನಿಸಾಕ ಜಾಗಾ ಕೊಡ್ರಿ, ತುದಿ ತಾನ ನಿಲ್ಲತೈತಿ."

"ಮಷೀನಿಗಿ ಎಲ್ಲಿ ಮೊಣಕೈ, ಅಬ್ಬಾ?" ಎಂದ ಅಯಾಜ, ಬೇಸತ್ತು. "ಅದೇನ ಮನಶ್ಯಾನ?"

ಇಷ್ಟು ವರ್ಷ ಉಳಿ ಹಿಡಿದವನು ನಾನು, ನನ್ನ ಮಾತು ಕೇಳು ಎಂದು ಯಾಕೂಬಸಾಬರು ಗದರಿಸಬಹುದಿತ್ತು. ಗದರಿಸಿದರೆ ಮಗ ಹೂಂ ಅನ್ನುತ್ತಾನೆ, ಬೆನ್ನು ತಿರುಗಿಸಿದ ಕೂಡಲೇ ಮೋಟರು ಬಿಚ್ಚುತ್ತಾನೆ, ಅದು ಅವರಿಗೆ ಗೊತ್ತು. ಕಿಸೆಯೊಳಗೆ ಬೆರಳುಗಳು ಕುಣಿಯುತ್ತಿದ್ದವು. ಭಯವೂ ಆಯಿತು, ನಾಚಿಕೆಯೂ ಆಯಿತು. ಕೊನೆಗೆ ಕೈಯನ್ನು ಹೊರಗೆ ತೆಗೆದರು.

ಸ್ಕ್ರೂಡ್ರೈವರ್ ಎತ್ತಿಕೊಂಡು, ತೋಳನ್ನು ಗಾಳಿಯಲ್ಲಿ ಚಾಚಿ, ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದರು. ಟಕಟಕಟಕ ಎಂದು ಸದ್ದಾಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿದರು. ಸದ್ದು ನಿಂತಿತು. ಮತ್ತೆ ಚಾಚಿದರು, ಮತ್ತೆ ಟಕಟಕಟಕ.

"ನೋಡ್ರಿ. ಇದಕ್ಕೂ ನನಗಾದದ್ದ ಆಗೈತಿ."

ಅಯಾಜ ಕೈಯನ್ನೇ ನೋಡುತ್ತಾ ನಿಂತ. "ಯಾವಾಗಿಂದ ಅಬ್ಬಾ?"

"ಈ ವರ್ಷದ್ದು ಒಂದ ಅಚ್ಚೂ ಕೆತ್ತಿಲ್ಲಪಾ ನಾ. ಪದ್ಮವ್ವಗ ಸುಳ್ಳ ಹೇಳೇನಿ. ನಿಮ್ಮ ಅಮ್ಮಿಗಿ ಮಾತ್ರ ಹೇಳಬ್ಯಾಡ್ರಿ, ಗಾಬರಿ ಆಕ್ಕಾಳ."

ಫಿರದೋಸ್ ಎದ್ದು ಬಂದಳು. ಕಮಾನನ್ನು ಹಿಡಿದು ಅಲುಗಾಡಿಸಿ, ಅದರ ಕಾಲು ಚೌಕಟ್ಟಿಗೆ ಕೂಡುವ ಕಡೆ ಬಗ್ಗಿ ನೋಡಿದಳು. "ಹೌದ್ರಿ, ಕಾಲು ನೆಟ್ಟಗ ನಿಂತಾವು, ಒಂದಕ್ಕೂ ಓರೆ ಆಸರಾ ಇಲ್ಲ," ಎಂದು ಗಂಡನ ಕಡೆ ತಿರುಗಿದಳು. ಅಯಾಜ ಪೈಪು ಕತ್ತರಿಸತೊಡಗಿದ. ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಹಾಕಿಕೊಂಡವನು ಕೆಲಸ ಮುಗಿದ ಮೇಲೂ ಬಹಳ ಹೊತ್ತು ತೆಗೆಯಲಿಲ್ಲ.

ಮರುದಿನ ಯಾಕೂಬಸಾಬರು ಹೋಗುವಷ್ಟರಲ್ಲಿ ಕಮಾನಿನ ಎರಡೂ ಕಾಲಿಗೆ ಓರೆ ಆಸರೆ ಕೂತಿತ್ತು, ಹೊಸ ತುಂಡಿನ ಎರಡೂ ಹೋಳು ಕೆತ್ತಿ ಮುಗಿದಿದ್ದವು. ಅವರು ಎಡಗೈಯ ಉಗುರಿನಿಂದ ಗರಿ ಕೆರೆದು ನೋಡಿದರು. ನುಣುಪಾಗಿತ್ತು. ಎಣಿಸಬಹುದಿತ್ತು.

"ನವಿಲಿಗೆ ಕಣ್ಣ ಇಲ್ಲಲ್ಲ?"

"ಕಣ್ಣಿಗೆ ನಮ್ಮ ಅಲಗು ದಪ್ಪ ಆಕ್ಕೈತ್ರಿ," ಎಂದಳು ಫಿರದೋಸ್. "ಅದನ್ನ ನೀವ ಹಾಕ್ರಿ."

ಅವರು ಏನೋ ಹೇಳಲು ಬಾಯಿ ತೆರೆದರು. ಆಗ ಶೆಡ್ಡಿನ ಮೂಲೆಯ ಮೇಜಿನ ಅಂಚಿನಲ್ಲಿ ಇನ್ನೊಂದು ಹೊಸ ಕಬ್ಬಿಣ ಕಂಡಿತು. ಕೂತವರ ಎದೆಮಟ್ಟಕ್ಕೆ ಒಂದು ಚಿಕ್ಕ ತೊಟ್ಟಿಲಿನಂತೆ ಬಾಗಿಸಿ, ಒಳಗೆ ಹಳೆಯ ಕಂಬಳಿ ತುಂಡು ಹೊಲಿದಿದ್ದರು.

"ಇದ್ಯಾವ ಮಷೀನಿಂದು?"

"ಅದು ನಿಮ್ದು, ಅಬ್ಬಾ," ಎಂದ ಅಯಾಜ.

ಯಾಕೂಬಸಾಬರು ಕೂತು ಮೊಣಕೈಯನ್ನು ಅದರಲ್ಲಿಟ್ಟರು. ಅಳತೆ ಯಾವಾಗ ತೆಗೆದುಕೊಂಡಿದ್ದರೋ, ಸರಿಯಾಗಿ ಕೂತಿತು. ಸಣ್ಣ ಉಳಿ ತೆಗೆದುಕೊಂಡು ಒಂದು ಹೋಳಿಗೆ ಒಂದು ಕಣ್ಣು, ಇನ್ನೊಂದಕ್ಕೆ ಇನ್ನೊಂದು ಹಾಕಿದರು. ಪದ್ಮವ್ವ ಬಂದಾಗ ಅಚ್ಚು ಕೈಗಿಟ್ಟು ಎಲ್ಲ ಹೇಳಿಬಿಟ್ಟರು: "ಗರಿ ಮಷೀನಂದು, ತಂಗಿ. ನಂದು ಕಣ್ಣಷ್ಟ."

ಪದ್ಮವ್ವ ಅಚ್ಚನ್ನು ಬಿಸಿಲಿಗೆ ಹಿಡಿದು ನೋಡಿದಳು. "ಗರಿ ಯಾರ ನೋಡ್ತಾರ್ರಿ ಸಾಬರ. ಹುಡಿಗ್ಯಾರು ಮದಲ ಕಣ್ಣ ನೋಡ್ತಾರ," ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅಚ್ಚು ನೆನೆದು, ಪಾಕ ಬಿದ್ದು, ಮೊದಲ ನವಿಲು ಎದ್ದದ್ದೇ ಆಕೆ ಅದನ್ನು ತಟ್ಟೆಯಲ್ಲಿಟ್ಟು ಇವರ ಮನೆಗೆ ಕಳಿಸಿದಳು. ಸಂಜೆ ಎಲ್ಲರೂ ಅದರ ಸುತ್ತ ಕೂತರು. ಬೆಳ್ಳಗೆ, ಇಡಿಯಾಗಿ, ಕತ್ತೆತ್ತಿ ನಿಂತಿತ್ತು. ಯಾರಿಗೂ ಮುರಿಯಲು ಮನಸ್ಸು ಬರಲಿಲ್ಲ. ಮಕ್ತುಮಬಿ ಚಹಾ ತಂದು ಗಂಡನ ಕಪ್ಪಿಗೆ ಎಂದಿನಂತೆ ಅರ್ಧ ಹಾಕಿದಳು.

"ತುಂಬ ಹಾಕ," ಎಂದರು ಯಾಕೂಬಸಾಬರು, ಇವತ್ತು ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ.

"ಚೆಲ್ಲತೈತಿ," ಎಂದಳು ಮಕ್ತುಮಬಿ.

ಯಾಕೂಬಸಾಬರು ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಮಗ ಸೊಸೆ ಇಬ್ಬರೂ ನಾವು ಹೇಳಿಲ್ಲ ಎಂದು ತಲೆ ಅಲ್ಲಾಡಿಸಿದರು.

"ನಿನಗ ಯಾವಾಗಿಂದ ಗೊತ್ತೈತಿ?"

"ಚಹಾ ಅರ್ಧ ಕಪ್ಪಿಗಿ ಬಂದಾಗಿಂದ," ಎಂದಳು ಆಕೆ.

ಯಾಕೂಬಸಾಬರು ಬಲಗೈಯಲ್ಲೇ ಕಪ್ಪು ಹಿಡಿದು ಮುಂದೆ ಚಾಚಿದರು.

"ಚೆಲ್ಲಿದ್ರ ಚೆಲ್ಲಲಿ. ಹಾಕ."

ಮಕ್ತುಮಬಿ ಅಂಚಿನ ತನಕ ತುಂಬಿದಳು. ತಟ್ಟೆಯ ಮೇಲೆ ಒಂದಿಷ್ಟು ಚೆಲ್ಲಿತು, ಅಂಗಿಯ ಮೇಲೆ ಒಂದಿಷ್ಟು. ಉಳಿದದ್ದನ್ನು ಯಾಕೂಬಸಾಬರು ನಿಧಾನವಾಗಿ, ಕೊನೆಯ ಗುಟುಕಿನವರೆಗೂ ಕುಡಿದರು.