ನೆನಪಿಸಿದರೂ ಬರಲಿಲ್ಲ

ನನ್ನ ಬಗ್ಗೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಸುಳ್ಳು ಅಚ್ಚಾಗಿದೆ. ಹೆಸರು ಹಾಕಿಲ್ಲ, ಫೋಟೋ ಹಾಕಿಲ್ಲ, ಆದರೂ ಅದು ನಾನೇ. ಬೇರೆ ಪತ್ರಿಕೆಯಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಇದು ಡಾಕ್ಟರುಗಳು ಓದುವ ಪತ್ರಿಕೆ. ಅದರಲ್ಲಿ ಬಂದದ್ದನ್ನು ನಂಬಿಕೊಂಡು ನಮ್ಮ ಕಚೇರಿಯವರು ನನ್ನ ಔಷಧಿಗೆ ಇಲ್ಲ ಎಂದಿದ್ದಾರೆ.

ನನಗೆ ಎಂ.ಎಸ್. ಇದೆ. ಪೂರ್ತಿ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ರೋಗದಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ತಲೆಕೆಟ್ಟವರ ಹಾಗೆ ನರಗಳ ಮೇಲಿನ ಹೊದಿಕೆಯನ್ನು ಹರಿದುಹಾಕುತ್ತದೆ. ಒಂದು ಸಲ ಕಣ್ಣು, ಒಂದು ಸಲ ಕಾಲು. ಬಂದ ದಾಳಿ ಹೋಗುವಾಗ ಏನಾದರೊಂದನ್ನು ತೆಗೆದುಕೊಂಡೇ ಹೋಗುತ್ತದೆ. ನನ್ನ ಬಲಗಾಲು ಹೀಗೇ ಅರ್ಧ ಹೋಗಿದೆ. ನಾನು ಧಾರವಾಡದವಳು. ವಿಮಾ ಕಚೇರಿಯಲ್ಲಿ ಕೆಲಸ. ವರ್ಗವಾಗಿ ವಡೋದರಾಕ್ಕೆ ಬಂದೆ, ಅಲ್ಲಿಂದ ಅಹಮದಾಬಾದಿಗೆ. ಇಲ್ಲಿನ ವಸ್ತ್ರಾಪುರದಲ್ಲಿ ಬಾಡಿಗೆ ಮನೆ ಹುಡುಕುವಾಗ ನನ್ನ ಗಂಡ ಶ್ರೀಪಾದ ನೀರು, ಗಾಳಿ, ಅಡುಗೆಮನೆ ಒಂದನ್ನೂ ವಿಚಾರಿಸಲಿಲ್ಲ. ಮೆಟ್ಟಿಲು ಎಷ್ಟು ಎಂದಷ್ಟೇ ಕೇಳಿದರು.

ಇಲ್ಲಿ ನನ್ನನ್ನು ನೋಡುವ ನರರೋಗದ ಡಾಕ್ಟರು ಮಹಿಮಾ. ಹಳೆಯ ಗುಳಿಗೆ ಇವರಿಗೆ ಸಾಲುತ್ತಿಲ್ಲ, ಆರು ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಕೊಡುವ ಹೊಸ ಔಷಧಿ ಬೇಕು, ಇನ್ನೊಂದು ದಾಳಿ ಬಂದರೆ ಎಡಗಾಲೂ ಹೋಗಬಹುದು ಎಂದು ಅವರು ಬರೆದುಕೊಟ್ಟರು. ಅದಕ್ಕೆ ಕಚೇರಿಯ ವೈದ್ಯಕೀಯ ಸಮಿತಿಯಿಂದ ಒಂದೂವರೆ ಪುಟದ ಉತ್ತರ ಬಂತು. ಗುಜರಾತಿನಲ್ಲೇ ನಡೆದು ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಹಳೆಯ ಗುಳಿಗೆಯನ್ನು ಎರಡು ವರ್ಷ ತೆಗೆದುಕೊಂಡವರಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಮೊದಲಿನಷ್ಟೇ ಚೆನ್ನಾಗಿ ನಡೆಯುತ್ತಿದ್ದಾರಂತೆ. ಆದಕಾರಣ ಹೊಸ ಔಷಧಿಯ ಅಗತ್ಯ ಕಂಡುಬರುವುದಿಲ್ಲವಂತೆ. ಮೇಲ್ಮನವಿ ಇದ್ದರೆ ಇಪ್ಪತ್ತನೇ ತಾರೀಖಿನೊಳಗೆ ಕೊಡಬಹುದಂತೆ. ಸಂಶೋಧಕರ ಹೆಸರು ಕೆಳಗಿತ್ತು: ಡಾ. ಅನಂತರಾಮ, ವಡೋದರಾ.

ಓದಿ ನನಗೆ ನಗು ಬಂತು. ಆ ಗುಳಿಗೆಯನ್ನು ಆ ಎರಡು ವರ್ಷ ಅವರ ಕೈಯಿಂದಲೇ ಪಡೆದು ನುಂಗಿದವರಲ್ಲಿ ನಾನೂ ಒಬ್ಬಳು. ಇವತ್ತಿಗೂ ನುಂಗುತ್ತಿದ್ದೇನೆ.

ಮಗಳು ಕೃಪಾ ಬಿ.ಎಸ್‌ಸಿ. ಎರಡನೇ ವರ್ಷ. ಗುಜರಾತಿನಲ್ಲೇ ಬೆಳೆದವಳು, ಕನ್ನಡ ಅವಳ ಬಾಯಲ್ಲಿ ಎಡವುತ್ತದೆ. ಅವಳು ಆ ಲೇಖನವನ್ನು ಕಂಪ್ಯೂಟರಿನಲ್ಲಿ ತೆಗೆದು ಕೂತಳು.

"ಅಮ್ಮಾ, ಸಿಕ್ಸ್‌ಟಿಫೋರ್ ಜನ ಸ್ಟಾರ್ಟ್ ಮಾಡಿದ್ರು. ಲಾಸ್ಟ್ ಟೆಸ್ಟ್‌ಗೆ ಓನ್ಲಿ ಫಾರ್ಟಿಸಿಕ್ಸ್. ಅದ್ರಲ್ಲಿ ಥರ್ಟಿನೈನ್ ಜನ ಚೆನ್ನಾಗಿ ನಡೀತಾರೆ. ಅದೇ ಏಯ್ಟಿಫೈವ್ ಪರ್ಸೆಂಟ್."

"ಉಳದ ಹದಿನೆಂಟು ಮಂದಿ ಎಲ್ಲಿ ಹೋದ್ರಂತ?"

ಅವಳು ಕೆಳಗಿನ ಸಣ್ಣ ಅಕ್ಷರದ ಸಾಲಿಗೆ ಬೆರಳಿಟ್ಟು ಓದಿದಳು. ಕನ್ನಡದಲ್ಲಿ ಹೇಳಬೇಕೆಂದರೆ ಇಷ್ಟೇ: ನೆನಪಿಸಿದರೂ ಬರಲಿಲ್ಲ, ಲೆಕ್ಕದಿಂದ ಕೈಬಿಡಲಾಗಿದೆ.

"ನೀನು ಇದ್ರಲ್ಲಿ ಇದ್ದೀಯ ಅಮ್ಮಾ," ಎಂದಳು.

ಮೈಯೆಲ್ಲ ಉರಿದುಹೋಯಿತು. ನಾನು ಬರಲಿಲ್ಲವೇ? ಮೂರು ಸಲ ಹೋಗಿದ್ದೆ. ವಡೋದರಾದ ಅಲ್ಕಾಪುರಿಯ ಹಳೆಯ ಕಟ್ಟಡದಲ್ಲಿ ಎರಡನೇ ಮಹಡಿಯ ಮೇಲೆ ಅವರ ಕ್ಲಿನಿಕ್. ಮೊದಲ ವರ್ಷ ಕಂಬಿ ಹಿಡಿದು ಹತ್ತುತ್ತಿದ್ದೆ. ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಲು ಎಳೆಯತೊಡಗಿತ್ತು, ಲಿಫ್ಟು ಕೆಟ್ಟು ನಿಂತಿತ್ತು. ಹದಿನಾಲ್ಕು ಮೆಟ್ಟಿಲು ಹತ್ತಿ ಅಲ್ಲೇ ಕುಸಿದೆ. ವಾಚ್‌ಮನ್ ಕೆಳಗಿಳಿಸಿ ಕುರ್ಚಿ ತಂದುಕೊಟ್ಟ. ಮೇಲಿನಿಂದ ರಿಸೆಪ್ಷನ್ ಹುಡುಗಿ ಫೋನಿನಲ್ಲಿ, ಮುಂದಿನ ವಾರ ಲಿಫ್ಟು ರಿಪೇರಿ ಆಗುತ್ತದೆ ಆಂಟಿ, ಆಗ ಬನ್ನಿ ಎಂದಳು. ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ ಹೋದೆ. ಲಿಫ್ಟು ಹಾಗೇ ನಿಂತಿತ್ತು. ಆಮೇಲೆ ನನಗೆ ವರ್ಗವಾಯಿತು.

ಆಗಲೇ ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಊರು ಬಿಟ್ಟು ಬಂದ ಊರಲ್ಲಿ ಕನ್ನಡ ಮಾತಾಡುವ ಡಾಕ್ಟರು ಸಿಕ್ಕಿದ್ದಾರೆ, ನಮ್ಮವರು, ಅವರ ಮನಸ್ಸು ನೋಯಿಸುವುದು ಬೇಡ ಎಂದುಕೊಂಡೆ. ದೀಪಾವಳಿಗೆ ಅವಲಕ್ಕಿ ಚೂಡಾ ಬೇರೆ ಕಳಿಸಿದ್ದೆ. ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಡಿಗೆ ಅಳೆಯುವ ಪರೀಕ್ಷೆ ಅದು. ಇಪ್ಪತ್ತೈದು ಅಡಿ ದೂರವನ್ನು ಎಷ್ಟು ಸೆಕೆಂಡಿನಲ್ಲಿ ನಡೆಯುತ್ತೀರಿ ಎಂದು ನೋಡುತ್ತಾರೆ. ಎರಡು ಮಹಡಿ ಹತ್ತಿ ಬಂದವರನ್ನಷ್ಟೇ ನಿಲ್ಲಿಸಿ ಅಳೆದು, ಇವರೆಲ್ಲ ಚೆನ್ನಾಗಿ ನಡೆಯುತ್ತಾರೆ ಎಂದು ಬರೆದರೆ ಅದಕ್ಕೆ ಸಂಶೋಧನೆ ಎನ್ನುತ್ತಾರೆಯೇ?

ಮರುದಿನ ಬೆಳಿಗ್ಗೆಯ ರೈಲಿಗೆ ಮೂವರೂ ವಡೋದರಾಕ್ಕೆ ಹೊರಟೆವು. ದಾರಿಯುದ್ದಕ್ಕೂ ಶ್ರೀಪಾದ ಒಂದೇ ಮಾತು.

"ಸಮಾಧಾನದಿಂದ ಕೇಳೋಣು. ಜೋರ ಮಾಡಬ್ಯಾಡ. ದೊಡ್ಡ ಮನಷಾ ಅವರು."

"ದೊಡ್ಡವರಿದ್ರ ಅವರ ಮನ್ಯಾಗ ಇರ್ಲಿ," ಎಂದೆ.

ಕಟ್ಟಡದ ಬಾಗಿಲಲ್ಲಿ ಅದೇ ವಾಚ್‌ಮನ್ ಜಶುಭಾಯಿ. ತಲೆ ನೆರೆತಿತ್ತು. ನನ್ನ ಕೋಲು ನೋಡಿದವನೇ ಕುರ್ಚಿ ಎಳೆದು ತಂದ.

"ಆವೋ ಸೀತಾಬೆನ್. ಲಿಫ್ಟ್ ಆಜೆ ಪಣ ಬಂಧ ಛೇ."

ಎರಡೂವರೆ ವರ್ಷದ ಮೇಲೆ ಹೋದರೂ ಲಿಫ್ಟು ಬಂದ್! ನಾನು ಕುರ್ಚಿಯಲ್ಲಿ ಕೂತು ಅವನು ಮುಂದೆ ಹಿಡಿದ ರಿಜಿಸ್ಟರಿನಲ್ಲಿ ಹೆಸರು ಬರೆಯತೊಡಗಿದೆ. ಹೆಸರು, ಫೋನ್ ನಂಬರು, ಯಾರ ಕಡೆಗೆ, ಬಂದ ಹೊತ್ತು, ಹೋದ ಹೊತ್ತು. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು.

"ಜಶುಭಾಯಿ, ಹಳೇ ರಿಜಿಸ್ಟರು ಅವ ಏನು?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಕೃಪಾ ಅದನ್ನು ಗುಜರಾತಿಯಲ್ಲಿ ಕೇಳಿದಳು. ಇವೆ, ಮೀಟರ್ ಇರುವ ಕೋಣೆಯಲ್ಲಿ ಎಲ್ಲವೂ ಇವೆ, ಕಟ್ಟಡದ ಸೊಸೈಟಿಯವರು ಎಸೆಯಲು ಬಿಡುವುದಿಲ್ಲ ಎಂದ.

ಧೂಳು ಕೊಡವಿ ಆ ವರ್ಷದ್ದನ್ನು ತಂದ. ನನ್ನ ಅಕ್ಷರ ನನಗೇ ಸಿಕ್ಕಿತು. ಬಂದದ್ದು ಹತ್ತು ನಲವತ್ತು, ಹೋದದ್ದು ಹನ್ನೊಂದು ಐದು. ಮುಂದಿನ ವಾರ ಮತ್ತೆ. ಮತ್ತೊಮ್ಮೆ. ಮೇಲೆ ಹೋದವರಿಗೆ ಸರದಿ ಕಾದು ಎಲ್ಲ ಪರೀಕ್ಷೆ ಮುಗಿಯಲು ಎರಡು ಗಂಟೆಯಾದರೂ ಬೇಕು. ಅರ್ಧ ಗಂಟೆಯೊಳಗೆ ಹೋದವರು ಮೇಲೆ ಹತ್ತಿದವರೇ ಅಲ್ಲ. ಕೃಪಾ ಪುಟ ತಿರುವುತ್ತ, ಡಾಕ್ಟರ ಕಡೆಗೆ ಎಂದು ಬರೆದು ಹಾಗೆ ಹೋದವರ ಹೆಸರು ಹುಡುಕಿದಳು. ಕೊನೆಯ ಪರೀಕ್ಷೆ ನಡೆದ ಎರಡು ತಿಂಗಳಲ್ಲಿ ನನ್ನನ್ನು ಸೇರಿಸಿ ಒಂಬತ್ತು ಮಂದಿ ಸಿಕ್ಕರು.

ಅದರಲ್ಲಿ ಒಬ್ಬ ಹರೀಶ್, ಸೂರತ್. ಈತ ನನಗೆ ನೆನಪಿದ್ದ. ಅಲ್ಲಿನ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವ ಕೆಲಸ ಮಾಡುತ್ತಿದ್ದವನು. ಒಂದು ವಜ್ರ ಎರಡಾಗಿ ಕಾಣತೊಡಗಿದಾಗ ಮಾಲೀಕ ಮನೆಗೆ ಕಳಿಸಿದ್ದ. ಅವನಿಗೆ ಕಾಲೂ ಬರುತ್ತಿರಲಿಲ್ಲ, ಅಣ್ಣ ಬೆನ್ನ ಮೇಲೆ ಹೊತ್ತು ರೈಲು ಹತ್ತಿಸಿ ಕರೆತಂದಿದ್ದ. ಹೊತ್ತು ಎರಡು ಮಹಡಿ ಹತ್ತುವ ಶಕ್ತಿ ಅಣ್ಣನಿಗೂ ಉಳಿದಿರಲಿಲ್ಲ; ಆವತ್ತು ಇದೇ ಮೆಟ್ಟಿಲ ಬುಡದಲ್ಲಿ ಅಣ್ಣತಮ್ಮ ಇಬ್ಬರೂ ನನ್ನ ಪಕ್ಕ ಅರ್ಧ ಗಂಟೆ ಕೂತು, ಲಿಫ್ಟು ಸರಿಯಾದರೆ ಫೋನ್ ಮಾಡುತ್ತೇವೆ ಎಂಬ ಮಾತು ಕೇಳಿಕೊಂಡು ವಾಪಸ್ ಹೋದರು. ಅವನ ಬಗ್ಗೆಯೂ ಬರೆದದ್ದು ಅದೇ ಮಾತು. ನೆನಪಿಸಿದರೂ ಬರಲಿಲ್ಲ.

"ಮ್ಯಾಲ ಹೋಗು," ಎಂದು ಕೃಪಾಗೆ ಹೇಳಿದೆ. "ಡಾಕ್ಟರ್‌ಗೆ ಕೆಳಗ ಬರಾಕ ಹೇಳು. ಸೀತಾ ಬಂದಾಳ, ಹತ್ತಂಗಿಲ್ಲ ಅನ್ನು. ಬರೂತನಕ ಏಳಂಗಿಲ್ಲ ಅನ್ನು."

ಇಪ್ಪತ್ತು ನಿಮಿಷ ಕಳೆಯಿತು. ಶ್ರೀಪಾದ ಮೂರು ಸಲ ಗಡಿಯಾರ ನೋಡಿದರು. ಕೊನೆಗೆ ಡಾ. ಅನಂತರಾಮ ಇಳಿದು ಬಂದರು, ನಗುನಗುತ್ತ. ಮೈಸೂರಿನವರು, ಮಾತು ಯಾವಾಗಲೂ ಮೆತ್ತಗೆ.

"ಏನ್ ಸೀತಾ ಅವ್ರೇ, ಎಷ್ಟ್ ದಿನ ಆಯ್ತು! ಒಂದ್ ಫೋನ್ ಮಾಡಿದ್ರೆ ನಾನೇ ಏನಾದ್ರೂ ವ್ಯವಸ್ಥೆ ಮಾಡ್ತಿದ್ನಲ್ಲ."

"ಮಾಡಿದ್ದೆ. ಮೂರು ಸರ್ತಿ ಇಲ್ಲೇ ಕೂತು ಮಾಡಿದ್ದೆ," ಎಂದು ಸಮಿತಿಯ ಕಾಗದವನ್ನೂ ರಿಜಿಸ್ಟರನ್ನೂ ಅವರ ಕೈಗೆ ಕೊಟ್ಟೆ. "ನಾ ಬಂದಿದ್ದೆ ಡಾಕ್ಟರ. ನೀವು ಇಳದು ಬರಲಿಲ್ಲ."

ಅವರು ಓದಿದರು. ನಗು ಹೋಯಿತು. "ನೋಡಿ, ಪರೀಕ್ಷೆ ಮೇಲಿನ ಕಾರಿಡಾರ್‌ನಲ್ಲೇ ಮಾಡ್ಬೇಕು, ಅಲ್ಲೇ ಗುರುತು ಹಾಕಿರೋದು. ಎಲ್ರಿಗೂ ಒಂದೇ ರೀತಿ ಇರ್ಬೇಕಲ್ವಾ? ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ಅಸಿಸ್ಟೆಂಟ್ ಶೀಟ್‌ನಲ್ಲಿ ಬರ್ದಿದ್ದು. ನಾನು ಅದನ್ನೇ…"

"ಒಂದೇ ರೀತಿ!" ನನ್ನ ದನಿ ಕಟ್ಟಡದ ತುಂಬ ಕೇಳಿಸಿರಬೇಕು. ಶ್ರೀಪಾದ ನನ್ನ ಹೆಗಲ ಮೇಲೆ ಕೈಯಿಟ್ಟರು, ಕೊಡವಿಹಾಕಿದೆ. "ಕಾಲಿದ್ದವರಿಗೂ ಇಲ್ಲದವರಿಗೂ ಅವೇ ನಲವತ್ತು ಮೆಟ್ಟಲಾ ಇಟ್ಟು, ಹತ್ತದವರನ್ನ ಬರಲಿಲ್ಲ ಅಂತ ಬರದ್ರಿ. ಆ ಸೂರತ್ತಿನ ಹುಡುಗ ಅಣ್ಣನ ಬೆನ್ನ ಮ್ಯಾಲ ಬಂದಿದ್ದ. ಅವಂದು ಲೆಕ್ಕ ಇಲ್ಲ. ನಂದು ಲೆಕ್ಕ ಇಲ್ಲ. ನಿಮ್ಮ ಎಂಬತ್ತೈದು ಮಾತ್ರ ಎಲ್ಲಾ ಕಡೆ ಅಡ್ಯಾಡಾಕತ್ತೈತಿ. ಅದರ ಸಲುವಾಗಿ ನನ್ನ ಔಷಧ ನಿಂತೈತಿ."

ಅವರು ರಿಜಿಸ್ಟರಿನಲ್ಲಿ ಒಂದೊಂದೇ ಹೆಸರಿನ ಮೇಲೆ ಬೆರಳು ಸರಿಸಿದರು. ಎಲ್ಲವೂ ಅವರಿಗೆ ಗೊತ್ತಿದ್ದ ಹೆಸರುಗಳೇ.

"ಈಗ ಅಳೀರಿ," ಎಂದೆ.

"ಇಲ್ಲಿ?"

"ಇಲ್ಲೇ. ಈ ಕಲ್ಲು ಒಂದೊಂದು ಅಡಿ ಅದಾವ."

ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಅಡಿ ಅಗಲದ ಚೌಕ ಕಲ್ಲು ಹಾಸಿದ್ದರು. ಜಶುಭಾಯಿ ಎರಡು ಸ್ಕೂಟರ್ ಸರಿಸಿ ಇಪ್ಪತ್ತೈದು ಕಲ್ಲು ಎಣಿಸಿ, ಕೊನೆಯ ಕಲ್ಲಿನ ಮೇಲೆ ತಾನೇ ನಿಂತ. ಡಾಕ್ಟರು ಮೊಬೈಲು ತೆಗೆದರು. ನಾನು ಕೋಲೂರಿ ಹೊರಟೆ. ಬಲಗಾಲು ಎತ್ತಿದರೆ ಬರುವುದಿಲ್ಲ, ಸೊಂಟದಿಂದ ಎಳೆದುಕೊಂಡು ಬರಬೇಕು. ಹನ್ನೆರಡನೇ ಕಲ್ಲಿಗೆ ಬೆವರಿಳಿಯಿತು. ಕೃಪಾ ಕೈ ಚಾಚಿದಳು, ಬೇಡ ಎಂದೆ. ಜಶುಭಾಯಿಯ ಚಪ್ಪಲಿ ಮುಟ್ಟುವ ಹೊತ್ತಿಗೆ ಉಸಿರು ಉಳಿದಿರಲಿಲ್ಲ.

"ಎಷ್ಟು?"

"ಮೂವತ್ತೊಂದು ಸೆಕೆಂಡ್," ಎಂದರು ಡಾಕ್ಟರು. ನಾನು ಕೇಳದಿದ್ದರೂ ತಾವೇ ಹೇಳಿದರು, "ಮೊದಲ್ನೇ ಸಲ ಆರು ಇತ್ತು."

ಆಮೇಲೆ ಅವರು ವಾದ ಮಾಡಲಿಲ್ಲ. ಪತ್ರಿಕೆಗೆ ತಿದ್ದುಪಡಿ ಕಳಿಸುತ್ತೇನೆ, ನಿಮ್ಮ ಸಮಿತಿಗೂ ಬರೆಯುತ್ತೇನೆ ಎಂದರು. ಕಳಿಸುತ್ತೇನೆ, ಬರೆಯುತ್ತೇನೆ ಎಂಬುದನ್ನೆಲ್ಲ ನಾನು ಇದೇ ಮೆಟ್ಟಿಲ ಬುಡದಲ್ಲಿ ಸಾಕಷ್ಟು ಕೇಳಿದ್ದೆ. ಕೃಪಾಳನ್ನು ಮೇಲೆ ಕಳಿಸಿ ಅವರ ಲೆಟರ್‌ಹೆಡ್ಡು, ಸೀಲು ತರಿಸಿದೆ. ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಾನಿದ್ದೆ. ಡಾಕ್ಟರು ಮೊದಲ ಮೆಟ್ಟಿಲ ಮೇಲೆ ಕೂತು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಬರೆದರು: ನನ್ನ ಸಂಶೋಧನೆಯ ಲೆಕ್ಕದಲ್ಲಿ ಮೆಟ್ಟಿಲು ಹತ್ತಲಾಗದ ರೋಗಿಗಳು ಸೇರಿಲ್ಲ. ಇದೇ ಗುಳಿಗೆ ತೆಗೆದುಕೊಳ್ಳುತ್ತಿರುವ ಸೀತಾ ಅವರ ನಡಿಗೆಯ ಹೊತ್ತು ಆರು ಸೆಕೆಂಡಿನಿಂದ ಮೂವತ್ತೊಂದಕ್ಕೆ ಏರಿದೆ. ನನ್ನ ಲೇಖನವನ್ನು ಆಧರಿಸಿ ಅವರಿಗೆ ಔಷಧಿ ನಿರಾಕರಿಸಬಾರದು. ಸಹಿ, ಸೀಲು, ತಾರೀಖು. ಇಪ್ಪತ್ತಕ್ಕೆ ಇನ್ನೂ ಆರು ದಿನವಿತ್ತು.

ಶ್ರೀಪಾದ ಅದನ್ನು ಎರಡು ಸಲ ಓದಿ ಚೀಲದಲ್ಲಿಟ್ಟರು. "ಆತಲ್ಲ. ನಡಿ, ಮೂರರ ಗಾಡಿ ಸಿಗತದ."

ನಾನು ಏಳಲಿಲ್ಲ. ರಿಜಿಸ್ಟರಿನಲ್ಲಿ ಹರೀಶನ ಹೆಸರಿನ ಮುಂದೆ ಫೋನ್ ನಂಬರಿತ್ತು. ಬೆರಳಿಟ್ಟು ತೋರಿಸಿದೆ.

"ಫೋನ್ ಹಚ್ರಿ ಇವಂಗ."

"ಈಗ್ಲೇನಾ? ಸಂಜೆ ನಾನು ಎಲ್ರಿಗೂ…"

"ಈಗ."

ಡಾಕ್ಟರು ನಂಬರು ಒತ್ತಿ ಸ್ಪೀಕರ್ ಹಾಕಿದರು. ಅಣ್ಣ ಎತ್ತಿದ. ಹಿಂದೆ ಗಿರಣಿಯ ಸದ್ದು. ಡಾಕ್ಟರು ತಮ್ಮ ಹೆಸರು ಹೇಳಿದರು, ವಡೋದರಾದಿಂದ ಎಂದರು. ಆ ಕಡೆ ಸದ್ದು ದೂರವಾಯಿತು; ಎದ್ದು ಹೊರಗೆ ಬಂದಿರಬೇಕು. ಅವನು ಬೈಯಲಿಲ್ಲ, ಇಷ್ಟು ದಿನ ಎಲ್ಲಿದ್ದಿರಿ ಎನ್ನಲಿಲ್ಲ. ಆಸೆಯಿಂದ ಕೇಳಿದ್ದು ಒಂದೇ ಮಾತು.

"ಲಿಫ್ಟ್ ಚಾಲು ಥಈ ಗಈ, ಸಾಹೇಬ್?"

ಲಿಫ್ಟು ಶುರುವಾಯಿತೇ ಎಂದು. ಎರಡೂವರೆ ವರ್ಷ ಆ ಒಂದು ಫೋನಿಗಾಗಿ ಕಾದಿದ್ದನೇನೋ. ನನಗೆ ಅಳು ಬಂತು, ಸಿಟ್ಟಿನಿಂದಲೇ ಬಂತು. ಡಾಕ್ಟರು ಒಮ್ಮೆ ಮೆಟ್ಟಿಲುಗಳನ್ನು ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಇಲ್ಲ, ಲಿಫ್ಟು ಇನ್ನೂ ಆಗಿಲ್ಲ, ನಾನೇ ಸೂರತ್ತಿಗೆ ನಿಮ್ಮ ಮನೆಗೆ ಬಂದು ನೋಡುತ್ತೇನೆ ಎಂದರು.

"ಯಾವತ್ತು ಅಂತ ಹೇಳ್ರಿ," ಎಂದೆ ನಾನು.