ಕನ್ನಡಿಯ ಬೆರಳುಗಳು

ಆ ಮನುಷ್ಯನಿಗೆ ಕನ್ನಡಿ ಅಂತ ಹೆಸರು ಬಿದ್ದು ಮೂವತ್ತು ವರ್ಷವಾಯಿತು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು, ಅದು ಅವನ ಹೆಂಡತಿಗೂ ಕೋಪ ಬಂದಾಗ ಮಾತ್ರ ನೆನಪಾಗುತ್ತಿತ್ತು. ಬಿಸಿಲಿಗೆ ಬೆಂದು, ಬಣ್ಣ ಸುಣ್ಣದಂತೆ ಬೆಳ್ಳಗಾಗಿ, ಮುಟ್ಟಿದರೆ ಕೈಗೆ ಪುಡಿ ಹತ್ತುವ ಮುದಿ ಕಾರುಗಳು ಅವನ ಶೆಡ್ಡಿಗೆ ಬರುತ್ತಿದ್ದವು. ವಾಪಸು ಹೋಗುವಾಗ ಅವುಗಳ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಹೊಸ ಬಣ್ಣ ಹೊಡೆಯುತ್ತಿದ್ದನೇ? ಛೆ, ಆ ಮಾತು ಅವನೆದುರು ಆಡಬಾರದು. "ಬಣ್ಣ ಎಲ್ಲೂ ಹೋಗಿರಲ್ಲ ಕಣ್ರೀ, ಒಳಗೇ ಇರುತ್ತೆ. ಮೇಲಿಂದು ಸತ್ತಿರುತ್ತೆ, ಅದನ್ನ ತೆಗೀಬೇಕು ಅಷ್ಟೆ" ಅನ್ನುತ್ತಿದ್ದ.

ತೆಗೆಯುವುದೇನೂ ಹುಡುಗಾಟವಲ್ಲ. ರಾತ್ರಿಯೆಲ್ಲ ನೀರಲ್ಲಿ ನೆನೆದ ನುಣ್ಣನೆ ಮರಳು ಕಾಗದದಿಂದ, ಅದೇ ವಾಟರ್ ಪೇಪರಿನಿಂದ, ಮೇಲೆ ಸೋಪಿನ ನೀರು ಬಿಡುತ್ತಾ, ಮೆಲ್ಲಗೆ ಉಜ್ಜಬೇಕು. ನಾಲ್ಕು ಸಲ ಉಜ್ಜಿ ಕಣ್ಣು ಮುಚ್ಚಿ ಬೆರಳಾಡಿಸಬೇಕು. ಎಲ್ಲಿ ಇನ್ನೂ ತರಿತರಿ, ಎಲ್ಲಿ ನುಣುಪು, ಎಲ್ಲಿ ಕೈ ನಿಲ್ಲಿಸಬೇಕು ಅಂತ ಹೇಳುವುದು ಬೆರಳೇ. ಕಣ್ಣಿಗೆ ಅದು ಕಾಣುವುದಿಲ್ಲ. ಬಣ್ಣದ ಪದರ ಎಷ್ಟು ತೆಳು ಅಂದರೆ, ಅಂಚಿನ ಮೇಲೆ ಎರಡು ಉಜ್ಜು ಹೆಚ್ಚಾದರೆ ಸಾಕು, ಅಡಿಯ ಬೂದು ಬಣ್ಣ ಹಲ್ಲು ಕಿರಿಯುತ್ತದೆ. ಆಮೇಲೆ ತಿಪ್ಪರಲಾಗ ಹಾಕಿದರೂ ಹೋದದ್ದು ಬರುವುದಿಲ್ಲ.

ಇಂಥ ಬೆರಳುಗಳು ಒಂದು ವರ್ಷದಿಂದ ಸಾಯುತ್ತಿದ್ದವು. ಪಾಲಿಶ್ ಮಷೀನಿನ ನಡುಕ ಮೂವತ್ತು ವರ್ಷ ಕೈಯೊಳಗೆ ಇಳಿದದ್ದರ ಫಲ. ಮೊದಲು ತುದಿ ಬಿಳಿಚಿಕೊಂಡಿತು, ಆಮೇಲೆ ಜುಮುಜುಮು ಅಂದಿತು, ಈಗ ಏನೂ ಇಲ್ಲ. ಯಾರಿಗಾದರೂ ಹೇಳಿದನೇ? ಎಲ್ಲಿಯ ಮಾತು! ಬೆರಳು ಹೋದರೆ ತಾನು ಬರೀ ಒಬ್ಬ ಮುದುಕ ಅನ್ನುವ ಭಯ ಅವನ ಎದೆಯಲ್ಲಿ ಗೂಡು ಕಟ್ಟಿತ್ತು. ಕೊನೆಗೆ ಒಂದು ಹಟ ಹಿಡಿದ. ತಂಗಿಯ ಕಾರು ಸರಿಯಾಗಿ ಬಂದರೆ ಕೈಯಲ್ಲಿ ಇನ್ನೂ ಜೀವ ಇದೆ ಅಂತ ಲೆಕ್ಕ. ಬರದಿದ್ದರೆ ಶೆಡ್ಡಿಗೆ ಬೀಗ.

ತಂಗಿ ಹೆರಿಗೆ ಮಾಡಿಸುವ ದಾದಿ. ಊರಿನ ಅರ್ಧ ಮಕ್ಕಳು ಆ ಕೆಂಪು ಕಾರಿನ ಹಾರ್ನ್ ಕೇಳಿಯೇ ಹೊರಗೆ ಬಂದದ್ದು ಅಂತ ಜನ ನಗುತ್ತಿದ್ದರು. ಕಂಡವರ ಮನೆ ಬಾಗಿಲಲ್ಲಿ ಬಿಸಿಲಲ್ಲಿ ನಿಂತೂ ನಿಂತೂ ಅದು ಈಗ ಗುಲಾಬಿಯೂ ಅಲ್ಲದ ಬಿಳಿಯೂ ಅಲ್ಲದ ಬಣ್ಣಕ್ಕೆ ಇಳಿದಿತ್ತು. "ಅಣ್ಣಾ, ಇನ್ನೊಂದ್ಸಲ ಇದನ್ನ ಕೆಂಪಗೆ ನೋಡ್ಬೇಕು ನಾನು. ಬೇರೆಯವರ ಕೈಗೆ ಕೊಡಲ್ಲ" ಅಂದು ಬಿಟ್ಟುಹೋಗಿ ಮೂರು ದಿನವಾಗಿತ್ತು. ಬಾಗಿಲುಗಳು, ನೆತ್ತಿ, ಹಿಂಭಾಗ ಎಲ್ಲ ಸಪಾಟು ಜಾಗ, ಕಣ್ಣಳತೆಯಲ್ಲೇ ದಾಟಿಸಿದ್ದ. ಉಳಿದದ್ದು ಎಡಗಡೆಯ ಮಡ್ಗಾರ್ಡು ಮತ್ತು ಬಾನೆಟ್ಟು. ಎರಡೂ ಉಬ್ಬುತಗ್ಗಿನವು. ಸಂಜೆಗೆ ಅವಳು ಬರುವವಳಿದ್ದಳು.

ಮಧ್ಯಾಹ್ನ ಮಡ್ಗಾರ್ಡಿಗೆ ಕೈ ಹಚ್ಚಿದ. ಮಾಡಿನ ಗಾಜಿನಿಂದ ಬೆಳಕು ಇಳಿದು ಒದ್ದೆ ನೆಲದಲ್ಲಿ ತೂಗುತ್ತಿತ್ತು. ಪೈಪಿನ ನೀರು ತೊಟ್ಟಿಕ್ಕುತ್ತಿತ್ತು. ಪೇಪರು ಸರ್, ಸರ್ ಅನ್ನುತ್ತಿತ್ತು. ಗುಲಾಬಿ ನೀರು ಚಕ್ರದ ಮೇಲಿಂದ ಇಳಿದು ಮೋರಿಯ ಕಡೆ ನಿಧಾನವಾಗಿ ಹೊರಟಿತು. ನೋಡುತ್ತಾ ನೋಡುತ್ತಾ ಅವನಿಗೆ ಮಂಪರು ಹತ್ತಿತು. ತಾನು ಕಾರು ಉಜ್ಜುತ್ತಿಲ್ಲ, ದೊಡ್ಡದೊಂದು ಪ್ರಾಣಿಯ ಭುಜ ತೊಳೆಯುತ್ತಿದ್ದೇನೆ, ಅದು ನಿದ್ದೆಯಲ್ಲಿ ಉಸಿರಾಡುತ್ತಿದೆ ಅನ್ನಿಸಿತು. ಬಾಗಿಲು ಬಾಗಿಲಲ್ಲಿ ಕಾದ ಮಧ್ಯಾಹ್ನಗಳೆಲ್ಲ ಕರಗಿ ಕರಗಿ ನೀರಲ್ಲಿ ಹೋಗುತ್ತಿದ್ದವು. ಒಳಗಿಂದ ಯಾವುದೋ ಮಗುವಿನ ಮೊದಲ ಅಳು, ತಂಗಿಯ ನಗು, ಮತ್ತೆ ನೀರು. ಕೆಂಪು ಆಳವಾಗುತ್ತಾ ಹೋಯಿತು. ಅವನು ಮೊಣಕಾಲುದ್ದ ಕೆಂಪಿನಲ್ಲಿ ನಡೆಯುತ್ತಿದ್ದ, ನೆಲ ಸಿಗುತ್ತಿರಲಿಲ್ಲ, ಭಯವೂ ಇರಲಿಲ್ಲ. ಹಾಗೇ ನಡೆಯುತ್ತಿದ್ದರೆ ದೂರದಲ್ಲಿ ಬೂದು ಬಣ್ಣದ ಚಂದ್ರ ಎದ್ದ.

ಚಂದ್ರನೇ? ಅಯ್ಯೋ ನಿನ್ನ! ಮಡ್ಗಾರ್ಡಿನ ಉಬ್ಬಿದ ಏಣಿನ ಮೇಲೆ ಹೆಬ್ಬೆರಳಗಲ ಬಣ್ಣ ಹೋಗಿ ಬೂದು ಕಾಣುತ್ತಿತ್ತು. ಮೊದಲಾಗಿದ್ದರೆ ಪೇಪರು ಹಿಡಿದೆಳೆಯುವುದು ಬೆರಳಿಗೆ ಗೊತ್ತಾಗಿ ಕೈ ತಾನಾಗಿ ನಿಲ್ಲುತ್ತಿತ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಹೀಗಾಗಿರಲಿಲ್ಲ. ಆದದ್ದು ತಂಗಿಯ ಕಾರಿಗೇ. ಅವನು ಬೋರಲಿಟ್ಟಿದ್ದ ಖಾಲಿ ಬಕೆಟ್ಟಿನ ಮೇಲೆ ಕುಸಿದು ಕೂತ.

ಹೆಂಡತಿ ಟೀ ತಂದಳು. ಪಕ್ಕದ ಕೋಣೆಯಲ್ಲೇ ಅವಳ ಹೊಲಿಗೆ ಮಷೀನು, ಶೆಡ್ಡಿನ ಸದ್ದು ನಿಂತರೆ ಅವಳಿಗೆ ತಿಳಿಯುತ್ತಿತ್ತು. ಬೂದು ಕಲೆ ನೋಡಿದಳು. ಗಂಡನನ್ನು ನೋಡಿದಳು.

"ಅದು ಮೊದಲೇ ಹಾಗಿತ್ತು," ಅಂದ ಕನ್ನಡಿ.

"ಹೌದಾ? ಮೊನ್ನೆ ನಾನೇ ಒರೆಸಿದ್ನಲ್ಲ, ಆಗ ಇರ್ಲಿಲ್ಲ."

"ನಿನಗೇನು ಗೊತ್ತಾಗುತ್ತೆ! ನೀನು ಬಟ್ಟೆ ನೋಡ್ಕೋ ಹೋಗು."

ಅವಳು ಹೋಗಲಿಲ್ಲ. ಟೀ ಲೋಟ ಅವನ ಕೈಗೆ ಕೊಟ್ಟು, ಅದರ ಮೇಲೆ ತನ್ನ ಕೈಯನ್ನೂ ಇಟ್ಟುಕೊಂಡೇ ನಿಂತಳು. "ಸುಡ್ತಾ ಇದೆಯಾ?" ಅಂತ ಕೇಳಿದಳು. ಅವನು ಲೋಟದಿಂದ ಏಳುವ ಹಬೆ ನೋಡಿದ.

"ಆರು ತಿಂಗಳಿಂದ ನಿಮ್ಮ ಅಂಗಿಗಳ ಕಾಜ ಯಾಕೆ ದೊಡ್ಡದು ಮಾಡ್ತಾ ಇದೀನಿ ಅಂದ್ಕೊಂಡ್ರಿ? ಬೆಳಿಗ್ಗೆ ಗುಂಡಿ ಹಾಕೋಕೆ ಒದ್ದಾಡೋದು ನೋಡಕ್ಕಾಗ್ದೆ. ನೀವಾಗೇ ಹೇಳ್ತೀರೇನೋ ಅಂತ ಕಾದೆ. ನಿಮ್ಮ ಬಾಯಿಗೇನು ಬೀಗ ಹಾಕಿದ್ರಾ?"

ಅವನು ತಲೆ ತಗ್ಗಿಸಿ ಅಂಗಿಯ ಕಾಜ ನೋಡಿಕೊಂಡ. ನಿಜ, ಹೆಬ್ಬೆರಳು ತೂರುವಷ್ಟಿತ್ತು! "ಮುಗೀತು ಕಣೇ ನನ್ನ ಕಥೆ," ಅಂದ.

"ನಿಮ್ಮ ಕಥೆ ಆಮೇಲೆ. ಬಾನೆಟ್ಟು ಬಾಕಿ ಇದೆ, ಸಂಜೆಗೆ ನನ್ನ ನಾದಿನಿ ಬರ್ತಾಳೆ. ಏಳಿ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೀವು ಉಜ್ಜಿ, ನಾನು ಮುಟ್ಟಿ ಹೇಳ್ತೀನಿ."

ಮೊದಮೊದಲು ಅವನಿಗೆ ರೇಗಿಹೋಯಿತು. ಮೂವತ್ತು ವರ್ಷದ ವಿದ್ಯೆಗೆ ಹೊಲಿಗೆಯವಳ ತೀರ್ಪೇ? ಆದರೆ ಆಕೆ ಕಣ್ಣು ಮುಚ್ಚಿ, ಸೋಪಿನ ನೀರಲ್ಲಿ ಬೆರಳಾಡಿಸಿ, "ಇಲ್ಲಿ ಒರಟು ಕಾಟನ್" ಅಂದಳು. ಅವನು ಉಜ್ಜಿದ. "ಇನ್ನೂ ಪಾಪ್ಲಿನ್." ಉಜ್ಜಿದ. "ಇಲ್ಲಿ ಒಂದು ಗಂಟು ಬಿದ್ದ ಹಾಗಿದೆ, ಕಡಲೆಕಾಳಿನಷ್ಟು." ಅವನು ಬೆಳಕಿಗೆ ಬಾಗಿ ನೋಡಿದರೆ ಇತ್ತು! ಎಂಥ ಕೈ ಇವಳದು, ಇಷ್ಟು ವರ್ಷ ಪಕ್ಕದ ಕೋಣೆಯಲ್ಲೇ ಇತ್ತಲ್ಲ ಅಂದುಕೊಂಡ. ಮಾತು ಕಡಿಮೆಯಾಯಿತು. ಅವನ ಕೈ ಹೋದಲ್ಲಿ ಹಿಂದೆಯೇ ಅವಳ ಕೈ ಬರುತ್ತಿತ್ತು. ನೀರು, ಬೆಳಕು, ಸರ್ ಸರ್ ಸದ್ದು. ಇಬ್ಬರೂ ಎಚ್ಚರವಿದ್ದು ಒಂದೇ ಕನಸು ಕಾಣುತ್ತಿದ್ದಂತಿತ್ತು.

ಬಾನೆಟ್ಟಿನ ನಡುವಿನ ಉಬ್ಬು ಏಣಿನ ಹತ್ತಿರ ಬಂದಾಗ ಅವಳು "ಸ್ಯಾಟಿನ್. ಸಾಕು" ಅಂದಳು.

ಅವನಿಗೆ ಸಾಕಾಗಿರಲಿಲ್ಲ. ಇನ್ನೆರಡು ಉಜ್ಜು ಬೇಕು ಅಂತ ತೋಳು ಹೇಳುತ್ತಿತ್ತು. ತೋಳಿಗೆ ಅಭ್ಯಾಸ, ಬೆರಳಿಗೆ ಮಾತ್ರ ಏನೂ ಗೊತ್ತಿಲ್ಲ. ಯಾರ ಮಾತನ್ನೂ ಕೇಳಿ ಕೈ ನಿಲ್ಲಿಸಿದವನಲ್ಲ ಅವನು. ಪೇಪರು ಏಣಿನ ಮೇಲೆ ಇತ್ತು. "ಸಾಕು ಅಂದ್ನಲ್ಲ," ಅಂದಳು ಮತ್ತೆ, ಮೆತ್ತಗೆ. ಅವನು ಪೇಪರು ನೀರಿನ ಬಕೆಟ್ಟಿಗೆ ಹಾಕಿದ.

ಪಾಲಿಶ್ ಮಷೀನು ಮುಟ್ಟಲಿಲ್ಲ. ಇಬ್ಬರೂ ಎದುರುಬದುರು ನಿಂತು ಮೆತ್ತನೆ ಬಟ್ಟೆಯಲ್ಲಿ ಪಾಲಿಶ್ ತಿಕ್ಕಿದರು. ಬಟ್ಟೆ ಕೆಂಪಾಯಿತು, ಭುಜ ನೊಂದಿತು, ಮಂಜು ಹರಿದ ಹಾಗೆ ಮಂಕು ಹರಿಯಿತು. ಏಣಿನ ಮೇಲೂ ಬಣ್ಣ ಉಳಿದಿತ್ತು. ಮಾಡಿನ ಗಾಜು, ಅದರಾಚೆಯ ಮೋಡ, ಎರಡು ಬೆವತ ಮುಖ ಎಲ್ಲವೂ ಕೆಂಪಿನೊಳಗೆ ಬಂದು ನಿಂತವು.

ಸಂಜೆ ತಂಗಿ ಬಂದವಳು ಬಾಗಿಲಲ್ಲೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಇದು ನಿನ್ನ ಕೈಯೇ ಕಣೋ ಅಣ್ಣಾ. ಯಾರ ಕೈಲಿ ಆಗುತ್ತೆ ಇದು!" ಅಂದಳು.

ಹೂಂ ಅಂದುಬಿಟ್ಟರೆ ಮುಗಿದಿತ್ತು. ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೊರಟೇಬಿಟ್ಟಿದ್ದಳು, ಅವನಿಗೆ ದಾರಿ ಬಿಟ್ಟುಕೊಟ್ಟ ಹಾಗೆ.

"ಅಲ್ಲ," ಅಂದ ಕನ್ನಡಿ. "ಅದು ನಿನ್ನ ಅತ್ತಿಗೆ ಕೈ. ನನ್ನ ಕೈ ಇಲ್ಲಿದೆ ನೋಡು." ಮಡ್ಗಾರ್ಡಿನ ಬೂದು ಕಲೆ ತೋರಿಸಿದ. "ನಾನೇ ಹಾಳು ಮಾಡಿದ್ದು. ನನಗೆ ಬೆರಳಲ್ಲಿ ಏನೂ ಗೊತ್ತಾಗಲ್ಲ ಈಗ, ತಂಗೀ. ವರ್ಷ ಆಯ್ತು."

ಲೋಟ ಹಿಡಿದವಳು ಅಲ್ಲೇ ನಿಂತಳು. ತಂಗಿ ಕಲೆಯನ್ನು ನೋಡಲೇ ಇಲ್ಲ. ಹತ್ತಿರ ಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡಳು. "ಇದು ಗೊತ್ತಾಗುತ್ತಾ?" ಅಂತ ಕೇಳಿದಳು.

ಅವನು ಅವಳ ಬೆರಳುಗಳು ತನ್ನ ಬೆರಳ ಮೇಲೆ ಬಿಗಿಯುವುದನ್ನು ನೋಡಿದ. "ಕಾಣುತ್ತೆ," ಅಂದ. "ಗೊತ್ತಾಗಲ್ಲ."

ಅವಳು ಬಿಡದೆ ಹಿಡಿದುಕೊಂಡೇ ಇದ್ದಳು.