ಬಲಮೂಗಿನ ಮನೆ

ಆ ಚಿತ್ರ ಸೋಮವಾರ ಬಂತು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ರೋಗಿಯನ್ನು ಹೊತ್ತು ತರುವ ಹಾಗೆ ಇಬ್ಬರು ಹೊತ್ತು ತಂದು ನನ್ನ ಮೇಜಿನ ಮೇಲೆ ಮಲಗಿಸಿದರು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅದು ಗೋಡೆಯ ಮೇಲೆ ಇರಬೇಕಂತೆ. ಅವತ್ತು ಚಿತ್ರ ಕಳಿಸಿದ ಮನೆಯ ಹೊಸ ಸೊಸೆಯ ಮೂಗು ಚುಚ್ಚಿಸುವುದಿದೆಯಂತೆ. ಚುಚ್ಚುವವರು ನನ್ನ ಗಂಡ. ಅಂದರೆ ಒಂದೇ ಮನೆಯಿಂದ ಚಿತ್ರ ಸರಿಮಾಡುವ ಕೆಲಸ ನನಗೆ, ಮೂಗು ಚುಚ್ಚುವ ಕೆಲಸ ಅವರಿಗೆ. ಮೂರು ತಲೆಮಾರಿನಿಂದ ಹೀಗೇ ನಡೆದಿದೆ. ನಮ್ಮ ತಾತ ಆ ಮನೆಗೆ ಚಿತ್ರ ಬರೆದರು, ನಮ್ಮವರ ತಂದೆ ಆ ಮನೆಯ ಅಂಗಡಿಗೆ ಒಡವೆ ಮಾಡಿದರು.

ಊರಿನವರು ಆ ಮನೆಯನ್ನು ಬಲಮೂಗಿನ ಮನೆ ಎನ್ನುತ್ತಾರೆ. ಒಡವೆ ಅಂಗಡಿಯವರು. ಅಂಗಡಿ ತೆರೆದ ಹಿರಿಯಮ್ಮನ ಚಿತ್ರವೇ ಇದು. ಇವಳ ಮುಖವೇ ಅಂಗಡಿಯ ಬೋರ್ಡಿನ ಮೇಲೆ, ಡಬ್ಬಿಗಳ ಮೇಲೆ, ಚೀಲಗಳ ಮೇಲೆ. ಬಲಮೂಗಿನಲ್ಲಿ ಏಳು ಕಲ್ಲಿನ ಮೂಗುತಿ. ಅವಳಿಗೆ ಬಲಗಡೆ ಇತ್ತು, ಆದ್ದರಿಂದ ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಬಲಗಡೆ. ಸೊಸೆಯಾಗಿ ಬರುವವಳಿಗೆ ಎಡಗಡೆ ಚುಚ್ಚಿದ್ದರೆ ಅದನ್ನು ತೆಗೆಸಿ, ಮುಚ್ಚಿಹೋಗಲು ಬಿಟ್ಟು, ಬಲಕ್ಕೆ ಚುಚ್ಚಿಸುತ್ತಾರೆ. ಯಾಕೆ ಎಂದು ಯಾರೂ ಕೇಳಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಎಲ್ಲರೂ.

ನಾನೂ ಕೇಳಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆ ಚಿತ್ರ ನಮ್ಮ ತಾತನ ಕೈಯದು. ತಾತನ ಕೈ ತಪ್ಪುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಎಲ್ಲರಿಗಿಂತ ಹೆಚ್ಚು ನಾನೇ ಹೇಳುತ್ತಿದ್ದೆ.

ಬುಧವಾರ ಬೆಳಿಗ್ಗೆ ಆ ಹೊಸ ಸೊಸೆ ಮೂಗುತಿಯ ತಿರುಪಿನ ಅಳತೆ ಕೊಡಲು ಬಂದಳು. ನಮ್ಮವರು ಕುಲುಮೆಯ ಮುಂದೆ ಏನೋ ಕಾಯಿಸುತ್ತಿದ್ದರು, ಅವಳು ನನ್ನ ಕೋಣೆಗೆ ಬಂದು ಕೂತಳು. ಕೂದಲು ಇನ್ನೂ ಒದ್ದೆ. ಈಜು ಕಲಿಸುವವಳು. ಎಡಮೂಗಿನಲ್ಲಿ ಚುಚ್ಚಿದ ಗುರುತು ಮಾತ್ರ ಇತ್ತು, ಮೂಗುತಿ ತೆಗೆಸಿಬಿಟ್ಟಿದ್ದರು. ಮಾತಿನ ನಡುವೆ ನಾಲ್ಕು ಸಲ ಬೆರಳು ಅಲ್ಲಿಗೆ ಹೋಯಿತು. ನೋವಿಗೆ ಹೆದರುತ್ತೀಯಾ ಎಂದು ಕೇಳಿದೆ.

"ನೋವಿನ ಮಾತಲ್ಲ ಅಕ್ಕಾ," ಎಂದಳು. "ಹೊಸ ತೂತು ಮಾಯೋವರೆಗೂ ಕೊಳದ ನೀರಿಗೆ ಇಳಿಯೋ ಹಾಗಿಲ್ಲ. ಎರಡು ತಿಂಗಳಂತೆ. ಅಷ್ಟು ದಿನ ನನ್ನ ಹತ್ರ ಕಲಿಯೋ ಮಕ್ಕಳನ್ನ ಯಾರು ನನಗೋಸ್ಕರ ಕಾಯಿಸ್ತಾರೆ? ಹದಿನೆಂಟು ಜನ ಇದ್ದಾರೆ. ಬೇರೆಯವರ ಕೈಗೆ ಕೊಟ್ಟುಬಿಡ್ತಾರೆ, ಆಮೇಲೆ ನನಗೆ ಕೆಲಸ ಎಲ್ಲಿ?"

ನಿನ್ನ ಗಂಡ ಏನು ಹೇಳುತ್ತಾನೆ ಎಂದರೆ, ಅಮ್ಮನನ್ನು ಕೇಳು ಎನ್ನುತ್ತಾನಂತೆ. ಅಮ್ಮನನ್ನು ಕೇಳಿದೆಯಾ ಎಂದರೆ ತಲೆ ತಗ್ಗಿಸಿದಳು.

"ಅತ್ತೆ ತುಂಬ ಒಳ್ಳೆಯವರು ಅಕ್ಕಾ. ಅದೇ ಕಷ್ಟ."

ಅಳತೆ ಕೊಟ್ಟು ಹೋದಳು. ಅವಳು ಕೂತಿದ್ದ ಕುರ್ಚಿಯ ಬೆನ್ನು ಒದ್ದೆಯಾಗಿತ್ತು. ನನಗೆ ಯಾಕೋ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಂದರೆ ನಾನು ಕೆಲಸಕ್ಕೆ ಕೂರುತ್ತೇನೆ.

ಚಿತ್ರದಲ್ಲಿ ಹಾಳಾಗಿದ್ದುದೂ ಆ ಮೂಗುತಿಯೇ. ನಮ್ಮ ಬಗೆಯ ಚಿತ್ರಗಳಲ್ಲಿ ಒಡವೆಗೆ ಬರೀ ಬಣ್ಣ ಹಚ್ಚುವುದಿಲ್ಲ. ಅಂಟು, ಬಿಳಿಪುಡಿ ಸೇರಿಸಿ ಹದಮಾಡಿ, ಒಡವೆಯನ್ನು ಹಲಗೆಯ ಮೇಲೆ ಉಬ್ಬಿಸಿ, ಒಣಗಿದ ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ಬೆರಳಿಟ್ಟರೆ ಒಡವೆ ಕೈಗೆ ತಾಕಬೇಕು. ಇಲ್ಲಿ ಏಳು ಕಲ್ಲಿನಲ್ಲಿ ನಾಲ್ಕು ಉದುರಿಹೋಗಿದ್ದವು. ಊಹೆ ಮಾಡಿ ತುಂಬುವವಳು ನಾನಲ್ಲ. ತಾತನ ಪೆಟ್ಟಿಗೆಯಲ್ಲಿ ಮೂಲ ಹಾಳೆ ಇದ್ದರೂ ಇರಬಹುದು ಎಂದು ಹುಡುಕಲು ಹೊರಟೆ.

ಹಾಳೆ ಎಂದರೆ, ಮೊದಲು ಕಾಗದದ ಮೇಲೆ ಎದುರಿಗೆ ಕೂತವರನ್ನು ಶಾಯಿಯಲ್ಲಿ ಬರೆಯುವುದು. ಆಮೇಲೆ ಗೆರೆಗುಂಟ ಸೂಜಿಯಿಂದ ಸಣ್ಣಸಣ್ಣಗೆ ಚುಚ್ಚುವುದು. ಆ ಕಾಗದವನ್ನು ಹಲಗೆಯ ಮೇಲಿಟ್ಟು, ಇದ್ದಿಲಪುಡಿಯ ಗಂಟಿನಿಂದ ತಟ್ಟಿದರೆ ತೂತುಗಳಲ್ಲಿ ಪುಡಿ ಇಳಿದು ಹಲಗೆಯ ಮೇಲೆ ಚುಕ್ಕಿಚುಕ್ಕಿಯಾಗಿ ಚಿತ್ರ ಮೂಡುತ್ತದೆ. ಶಾಯಿಯ ಮುಖ ಮೇಲಿರುತ್ತದೆ, ಹಾಗಾಗಿ ಇದ್ದಿಲ ಮಸಿಯೂ ಶಾಯಿಯ ಮುಖದ ಮೇಲೇ ಉಳಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಹಿರಿಯಮ್ಮನ ಹಾಳೆ ಸಿಕ್ಕಿತು. ಬಿಚ್ಚಿದೆ. ಹಿರಿಯಮ್ಮ ಎಡಕ್ಕೆ ನೋಡುತ್ತಿದ್ದಳು.

ಮೇಜಿನ ಮೇಲಿನ ಚಿತ್ರದಲ್ಲಿ ಅವಳು ಬಲಕ್ಕೆ ನೋಡುತ್ತಾಳೆ. ಹಾಳೆಯಲ್ಲಿ ಅವಳ ಎಡಗೆನ್ನೆ ಕಾಣುತ್ತದೆ, ಮೂಗುತಿ ಎಡಮೂಗಿನಲ್ಲಿದೆ. ಇದ್ದಿಲ ಮಸಿ ಶಾಯಿಯ ಮುಖದ ಮೇಲೆ ಇರಲೇ ಇಲ್ಲ. ಹಾಳೆಯ ಬೆನ್ನಿಗೆ ಇತ್ತು. ಅಂಚಿನಲ್ಲಿ ತಾತನ ಅಕ್ಷರ: "ಎದುರಿಗೆ ಕೂರಿಸಿ ಬರೆದ ಹಾಳೆ. ಹಲಗೆಗೆ ಇಳಿಸಿದ್ದು ತೀರಿಕೊಂಡ ಮೇಲೆ. ಯಜಮಾನರ ಚಿತ್ರವೂ ಎಡಕ್ಕೇ ನೋಡುತ್ತದೆ. ಪಕ್ಕಕ್ಕೆ ತೂಗಿದರೆ ಅವರಿಗೆ ಬೆನ್ನು ಹಾಕಿದಂತೆ ಆಗುತ್ತದೆ. ಹಾಳೆ ಮಗುಚಿ ಹಾಕಿದೆ. ಸೆರಗು ಸರಿ ಮಾಡಿದೆ. ಮೂಗುತಿ ಎಡಕ್ಕೆ ಇಟ್ಟರೆ ಮರೆಯಾಗುತ್ತದೆ. ಕಾಣುವ ಕಡೆಗೇ ಇರಲಿ."

ಅಷ್ಟೇ. ಗಂಡನ ಕಡೆ ಮುಖ ಮಾಡಿ ಕೂರಲಿ ಎಂದು ತಾತ ಹಾಳೆ ಮಗುಚಿದರು, ಒಡವೆ ಕಾಣಲಿ ಎಂದು ಮೂಗುತಿಯನ್ನು ಬಲಕ್ಕಿಟ್ಟರು. ಚಿತ್ರಗಾರರ ಲೆಕ್ಕದಲ್ಲಿ ತಪ್ಪೇ ಅಲ್ಲ. ಒಡವೆ ಕಾಣದಿದ್ದರೆ ಬರೆಸುವುದೇಕೆ? ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಆ ಮನೆಯವರು ಅದನ್ನು ನೋಡಿ ಎಷ್ಟು ಮೂಗು ಚುಚ್ಚಿಸಿದರು ಎಂದು ಬೆರಳು ಮಡಚಿ ಎಣಿಸಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ.

ಸಂಜೆ ನಮ್ಮವರಿಗೆ ತೋರಿಸಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಓದಿದರು, ಜೋಪಾನವಾಗಿ ಸುತ್ತಿ ವಾಪಸು ಕೊಟ್ಟರು. ಆಗುವುದೆಲ್ಲ ಆಗಿದೆ, ಇರಲಾರದೆ ಇರುವೆ ಬಿಟ್ಟುಕೊಳ್ಳಬೇಡ ಎಂದರು. ಅರ್ಧ ಕೆಲಸ ಆ ಅಂಗಡಿಯಿಂದಲೇ ಬರುತ್ತದೆ ಎಂಬುದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಿರಿಯಮ್ಮನ ಗಂಡ ಆಗ ಬದುಕಿದ್ದರಲ್ಲ, ಚಿತ್ರದಲ್ಲಿ ಹೆಂಡತಿಯ ಮೂಗುತಿ ಬೇರೆ ಕಡೆ ಬಂದಿದ್ದರೆ ಅವರಿಗೇ ಗೊತ್ತಾಗುತ್ತಿರಲಿಲ್ಲವೇ ಎಂದು ವಾದ ಹೂಡಿದರು. ಚಿತ್ರ ನೋಡಿ ಅವರು ಅತ್ತರಂತೆ, ಇವಳೇ ಅವಳು ಎಂದರಂತೆ.

ನಾನು ಅಂಗೈಯಿಂದ ಮೂಗು ಮುಚ್ಚಿಕೊಂಡೆ.

"ನನ್ನ ಮೂಗುತಿ ಯಾವ ಕಡೆ ಇದೆ ಹೇಳಿ."

ಆ ಮೂಗುತಿ ಅವರೇ ಮಾಡಿದ್ದು, ಅವರೇ ತಿರುಪು ಹಾಕಿದ್ದು. ಇಪ್ಪತ್ತಾರು ವರ್ಷದಿಂದ ದಿನಾ ಎದುರಿಗೆ ಕೂತು ಊಟ ಮಾಡುತ್ತಾರೆ. ತಮ್ಮ ಮೂಗು ಮುಟ್ಟಿ ನೋಡಿಕೊಂಡರು. ಗಾಳಿಯಲ್ಲಿ ಕೈ ಆಡಿಸಿದರು. "ಬಲ," ಎಂದರು. ಆಮೇಲೆ, "ಅಂದ್ರೆ ನನ್ನ ಕಡೆಯಿಂದ ಬಲ... ತಡಿ, ನಿನ್ನ ಕಡೆಯಿಂದ..." ನಾನು ಕೈ ತೆಗೆದೆ. ಎಡಗಡೆ ಇತ್ತು.

"ಬೇರೆಯವರ ಮನೆ ವಿಷಯಕ್ಕೆ ಮೂಗು ತೂರಿಸೋದು ಬೇಡ ಕಣೇ," ಎಂದರು. "ನನಗೆ ಯಾವ ಕಡೆ ಆದ್ರೂ ಒಂದೇ. ಹೇಳಿದ ಕಡೆ ಚುಚ್ತೀನಿ."

ಹೇಳಿಬಿಟ್ಟರು, ಆದರೆ ಅವರಿಗೂ ಅದು ಒಂದೇ ಅಲ್ಲ ಎಂದು ನನಗೆ ಗೊತ್ತು. ಹನ್ನೆರಡು ವರ್ಷದ ಹಿಂದೆ ಆ ಮನೆಯ ದೊಡ್ಡ ಸೊಸೆಗೆ ಬಲಕ್ಕೆ ಚುಚ್ಚಿದವರೂ ಇವರೇ. ಅವಳ ಮೂಗು ಬಾತುಕೊಂಡು, ಕೀವಾಗಿ, ಈಗಲೂ ಅಲ್ಲಿ ಗಂಟು ಉಳಿದಿದೆ. ಆ ವರ್ಷವೆಲ್ಲ ಇವರು ಆ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದರು.

ಗುರುವಾರ ಹೇಗೆ ಕಳೆಯಿತೋ ನಾನರಿಯೆ. ಉಬ್ಬುಕೆಲಸದ ಅಂಟು ಎರಡು ಸಲ ಸೀದುಹೋಯಿತು. ಬಾಲ ಸುಟ್ಟ ಬೆಕ್ಕಿನ ಹಾಗೆ ಕೋಣೆಯಿಂದ ಕೋಣೆಗೆ ಓಡಾಡಿದೆ. ನಾಲ್ಕು ಕಲ್ಲು ಉಬ್ಬಿಸಿದೆ, ಒರೆಸಿದೆ, ಮತ್ತೆ ಉಬ್ಬಿಸಿದೆ. ತಾತನ ಮೇಲೆ ಸಿಟ್ಟಾದೆ. ಎರಡು ಸಾಲು ಅಂಚಿನಲ್ಲಿ ಬರೆಯುವ ಬದಲು ಆ ಮನೆಗೆ ಹೋಗಿ ಒಂದು ಮಾತು ಹೇಳಬಾರದಿತ್ತೇ? ಆಮೇಲೆ ನನ್ನ ಮೇಲೇ ಸಿಟ್ಟಾದೆ. ಹೇಳಿದರೆ ತಾತನ ಕೈ ತಪ್ಪಿತ್ತು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ನನ್ನ ಮನಸ್ಸೂ ಅಂಜುತ್ತಿತ್ತು. ನಾನೂ ತಾತನ ಹಾಗೇ, ಅಂಚಿನಲ್ಲಿ ಬರೆದಿಟ್ಟು ಸುಮ್ಮನಾಗುವ ಜಾತಿ. ಹಾಳೆಯನ್ನು ಪೆಟ್ಟಿಗೆಗೆ ಹಾಕಿದೆ, ತೆಗೆದೆ. ಸಂಜೆಗೆ ಚಿನ್ನದ ರೇಕು ಅಂಟಿಸಿ ಮುಗಿಸಿದೆ. ಮೂಗುತಿ ಹೊಳೆಯಿತು, ಬಲಮೂಗಿನಲ್ಲಿ.

ಶುಕ್ರವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಆ ಮನೆಯ ನಡುಕೋಣೆಯಲ್ಲಿದ್ದೆವು. ಗೋಡೆಯ ಮೇಲೆ ಹಿರಿಯ ಯಜಮಾನರು ಒಬ್ಬರೇ ಎಡಕ್ಕೆ ನೋಡುತ್ತ ಕೂತಿದ್ದರು. ಕಿಟಕಿಯ ಹತ್ತಿರ ಸ್ಟೂಲು. ಅದರ ಪಕ್ಕ ನಮ್ಮವರು ಸ್ಪಿರಿಟ್ಟು, ಹತ್ತಿ, ಮೊನೆಮಾಡಿದ ಚಿನ್ನದ ತಂತಿ ಜೋಡಿಸಿಟ್ಟರು. ಹೊಸ ಸೊಸೆ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಅವಳ ಮಕ್ಕಳು ನೀರಿಗಿಳಿಯುವ ಹೊತ್ತು. ದೊಡ್ಡ ಸೊಸೆ ಬಾಗಿಲಲ್ಲಿ ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದಳು. ಯಜಮಾನಿ, ಅಂದರೆ ಈ ಇಬ್ಬರ ಅತ್ತೆ, ಹಿರಿಯಮ್ಮನ ಸೊಸೆ, ಎಪ್ಪತ್ತೆರಡರ ಹೆಂಗಸು. ಅತ್ತೆಯನ್ನು ಕಣ್ಣಾರೆ ಕಂಡವಳಲ್ಲ, ಚಿತ್ರದಲ್ಲಿ ಕಂಡವಳು. ಬಾ ಎಂದು ಹೊಸ ಸೊಸೆಯನ್ನು ಕರೆದು, ತಾನು ತಲೆ ಹಿಡಿದುಕೊಳ್ಳುತ್ತೇನೆ, ಹೆದರಬೇಡ ಎಂದಳು.

ನಾನು ಮಾತು ಆರಿಸಿಕೊಂಡು ಹೋಗಿರಲಿಲ್ಲ, ಹಾಳೆಯನ್ನು ಮಾತ್ರ ಚಿತ್ರದ ಜೊತೆ ಸುತ್ತಿಕೊಂಡು ಹೋಗಿದ್ದೆ. ಚಿತ್ರವನ್ನು ಕುರ್ಚಿಗೆ ಒರಗಿಸಿ, ಹಾಳೆಯನ್ನು ಮಗುಚಿ ಅದರ ಮೇಲೆ ಹಿಡಿದೆ. ಮೂಗು ಮೂಗಿಗೆ ಕೂತಿತು, ಕಣ್ಣು ಕಣ್ಣಿಗೆ ಕೂತಿತು. ಆಮೇಲೆ ಹಾಳೆ ತಿರುಗಿಸಿ ಶಾಯಿಯ ಮುಖ ತೋರಿಸಿದೆ. ಇದು ಹಿರಿಯಮ್ಮ ಬದುಕಿದ್ದಾಗ ಎದುರಿಗೆ ಕೂರಿಸಿ ಬರೆದದ್ದು, ಮೂಗುತಿ ಎಡಕ್ಕಿದೆ ನೋಡಿ ಎಂದೆ. ನನ್ನ ಧ್ವನಿ ಜಗಳಕ್ಕೆ ಬಂದವಳ ಹಾಗೆ ಕೇಳಿಸಿತು. ನಮ್ಮವರು ನೆಲ ನೋಡುತ್ತಿದ್ದರು.

ಯಜಮಾನಿ ಕನ್ನಡಕ ತರಿಸಿದಳು. ಅಂಚಿನ ಅಕ್ಷರಗಳನ್ನು ಒಂದು ಸಲ ಓದಿದಳು, ಮತ್ತೆ ಓದಿದಳು. ಅವಳ ಬೆರಳು ತನ್ನ ಎಡಮೂಗಿಗೆ ಹೋಯಿತು. ಅಲ್ಲೊಂದು ಸಣ್ಣ ಗುಳಿ ಇತ್ತು. ಇಷ್ಟು ವರ್ಷ ಆ ಮನೆಗೆ ಹೋಗಿಬಂದಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇದು ನಮ್ಮಮ್ಮ ಚುಚ್ಚಿಸಿದ್ದು," ಎಂದಳು. "ಇಲ್ಲಿಗೆ ಬಂದ ಮೇಲೆ ಮುಚ್ಚಿಸಿದರು. ಬಲಕ್ಕೆ ಚುಚ್ಚಿದಾಗ ಒಂದು ತಿಂಗಳು ಜ್ವರ. ನಮ್ಮಪ್ಪ ನೋಡೋಕೆ ಬಂದ್ರೆ ಮುಖ ಮುಚ್ಕೊಂಡು ಕೂತಿದ್ದೆ, ಬಾತಿದ್ದು ಕಾಣಬಾರದು ಅಂತ." ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅದೆಲ್ಲ ಚಿತ್ರ ಚೆನ್ನಾಗಿ ಕಾಣಲಿ ಅಂತಾನಾ?"

"ಹೌದಮ್ಮ," ಎಂದೆ. ಬೇರೇನು ಹೇಳಲಿ? ತಾತ ಎದುರಿಗಿದ್ದಿದ್ದರೆ ಅವರನ್ನೇ ಮುಂದೆ ತಳ್ಳುತ್ತಿದ್ದೆ.

ಹರಿದು ಹಾಕುತ್ತಾಳೆ ಎಂದುಕೊಂಡೆ. ಇನ್ನು ಈ ಮೆಟ್ಟಿಲು ಹತ್ತಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಬಾಗಿಲಲ್ಲಿ ದೊಡ್ಡ ಸೊಸೆ ಬಟ್ಟಲನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯಿಂದ ತನ್ನ ಮೂಗಿನ ಗಂಟನ್ನು ಮುಟ್ಟಿಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನೋಡುವುದು ಸುಲಭವಾಗುತ್ತಿತ್ತು.

"ಅವತ್ತು ಅವಳು ಬೇಡ ಅತ್ತೆ ಅಂದಳು," ಎಂದು ಯಜಮಾನಿ ಯಾರಿಗೂ ಅಲ್ಲದ ಹಾಗೆ ಹೇಳಿದಳು. "ನಾನೇ ತಲೆ ಹಿಡ್ಕೊಂಡಿದ್ದೆ."

ಎದ್ದಳು. ಸ್ಟೂಲಿನ ಹತ್ತಿರ ನಿಂತಿದ್ದ ಹೊಸ ಸೊಸೆಯನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ತಾನೇ ಅದರ ಮೇಲೆ ಕೂತು, ಕಿಟಕಿಯ ಬೆಳಕಿಗೆ ಮುಖ ಎತ್ತಿದಳು.

"ಎಡಕ್ಕೆ ಚುಚ್ಚಪ್ಪ."

ಈ ವಯಸ್ಸಿನಲ್ಲಿ ಬೇಡಮ್ಮ, ಮಾಯುವುದು ಕಷ್ಟ ಎಂದು ನಮ್ಮವರು ತೊದಲಿದರು. ಬಲಗಡೆಯದನ್ನು ತೆಗೆಯಲೇ ಎಂದು ಕೇಳಿದರು. ಬೇಡ, ಅದೂ ಇರಲಿ, ಐವತ್ತಮೂರು ವರ್ಷದ್ದು ಎಂದಳು. ಆಮೇಲೆ ಬಾಗಿಲ ಕಡೆ ಕೈ ಚಾಚಿದಳು.

"ದೊಡ್ಡವಳೇ, ಬಾ. ನನ್ನ ತಲೆ ಹಿಡ್ಕೋ."

ದೊಡ್ಡ ಸೊಸೆ ಬಟ್ಟಲನ್ನು ನೆಲಕ್ಕಿಟ್ಟು ಬಂದಳು. ಅತ್ತೆಯ ಹಿಂದೆ ನಿಂತು ಎರಡೂ ಕೈಯಿಂದ ತಲೆ ಹಿಡಿದಳು. ನಮ್ಮವರು ತಂತಿಯನ್ನು ಎರಡು ಸಲ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರು. ಮುದುಕಿ ಅಲುಗಾಡಲಿಲ್ಲ. ತಂತಿ ಹಳೆಯ ಗುಳಿಯೊಳಗೆ ಇಳಿಯಿತು. ಅರ್ಧಕ್ಕೆ ನಿಂತಿತು. ಅವಳ ಕಣ್ಣಿಂದ ನೀರು ಇಳಿದು ದೊಡ್ಡ ಸೊಸೆಯ ಬೆರಳ ಮೇಲೆ ಬಿತ್ತು, ಆ ಬೆರಳು ಅದನ್ನು ಒರೆಸಿತು. ನಮ್ಮವರು ಉಸಿರು ಕಟ್ಟಿ ಇನ್ನೊಂದಿಷ್ಟು ಒತ್ತಿದರು. ತಂತಿ ಆ ಕಡೆಗೆ ಬಂತು.

ಹೊಸ ಸೊಸೆ ಗೋಡೆಗೆ ಆತು ನಿಂತು, ತಿಳಿಯದೆಯೇ ಮತ್ತೆ ಗಡಿಯಾರ ನೋಡಿದಳು.

"ನಿಂತ್ಕೊಂಡು ಏನು ನೋಡ್ತೀಯ, ಹೋಗು," ಎಂದಳು ಯಜಮಾನಿ, ಮೂಗಿನಲ್ಲಿ ತಂತಿ ಇದ್ದ ಹಾಗೆಯೇ. "ಮಕ್ಕಳು ಕಾಯ್ತಾ ಇರ್ತಾರೆ."

ಅವಳು ಹೋದಳು. ದೊಡ್ಡ ಸೊಸೆ ಮಾತ್ರ ಹಿಡಿದ ತಲೆ ಬಿಡಲಿಲ್ಲ. ಬಿಡು ಎಂದು ಅತ್ತೆಯೂ ಹೇಳಲಿಲ್ಲ.